ಬೆನ್ನಟ್ಟಿ ಬರುವ ಕೃಪೆ: ಸತ್ಯವೇದದ ಮೂಲಪದ ಹುಡುಕುವ ಬಗೆ

ಸತ್ಯವೇದದ, ಎಂದರೆ ಬೈಬಲಿನ, ಹಳೆಯ ಒಡಂಬಡಿಕೆಯ ಮೂಲಭಾಷೆ ಬಹುಮಟ್ಟಿಗೆ ಹೀಬ್ರೂ, ಹೊಸ ಒಡಂಬಡಿಕೆಯದು ಗ್ರೀಕ್. ಈ ಭಾಷೆಗಳು ಬಾರದವರು ಮೂಲಪದದ ಗೊಡವೆಗೇ ಹೋಗಬಾರದು ಎನ್ನುವವರಿದ್ದಾರೆ. ಮೊಬೈಲಿನಲ್ಲಿ ಒಂದು ಪದ ಒತ್ತಿ, ಅಲ್ಲಿ ಬಂದ ಐದಾರು ಅರ್ಥಗಳಲ್ಲಿ ತಮಗೆ ಹಿಡಿಸಿದ್ದನ್ನು ಎತ್ತಿಕೊಂಡು ‘ಮೂಲಭಾಷೆಯಲ್ಲಿ ಹೀಗಿದೆ’ ಎಂದು ಪ್ರಸಂಗ ಮಾಡಿಬಿಡುವವರೂ ಇದ್ದಾರೆ. ನನಗೆ ಎರಡೂ ಒಪ್ಪಿಗೆಯಿಲ್ಲ. ಕೋಲಾರದಲ್ಲಿ ಹೈಸ್ಕೂಲ್ ಮಕ್ಕಳಿಗೆ ಕನ್ನಡ ಪಾಠ ಹೇಳಿ ನಿವೃತ್ತಳಾದವಳು ನಾನು. ಈಗ ಗುರುವಾರ ಸಂಜೆ ನಮ್ಮ ಮನೆಯಲ್ಲಿ ನಡೆಯುವ ಗೃಹಕೂಟದಲ್ಲಿ ಅಕ್ಕತಂಗಿಯರ ಜೊತೆ ಕೂತು ವಾಕ್ಯ ಓದುತ್ತೇನೆ. ನಮ್ಮಲ್ಲಿ ಒಬ್ಬರಿಗೂ ಹೀಬ್ರೂ ವ್ಯಾಕರಣ ಬರುವುದಿಲ್ಲ. ಆದರೂ ಒಂದು ಪದದ ಜಾಡು ಹಿಡಿದು ಹೋಗುವುದು ಬರುತ್ತದೆ. ತಾಳ್ಮೆಯಿದ್ದರೆ ನಿಮಗೂ ಬರುತ್ತದೆ.

ಮೊದಲು ಕನ್ನಡದ ಸತ್ಯವೇದವನ್ನೇ ನಿಧಾನವಾಗಿ ಓದಿ. ಗ್ರೀಕಿಗೆ ಓಡುವ ಅವಸರದಲ್ಲಿ ಕನ್ನಡದ ಪದವೇ ಅರ್ಥವಾಗಿರುವುದಿಲ್ಲ. ಲೂಕ 12:42ರಲ್ಲಿ ‘ಮನೆವಾರ್ತೆಯವನು’ ಎಂಬ ಮಾತು ಬರುತ್ತದೆ. ವಾರ್ತೆ ಎಂದರೆ ರೇಡಿಯೋದಲ್ಲಿ ಬರುವ ಸುದ್ದಿ ಎಂದುಕೊಂಡೇ ಬೆಳೆದ ಮಕ್ಕಳು, ಮನೆಯ ಸುದ್ದಿ ಹೇಳುವವನು ಎಂದುಕೊಳ್ಳುತ್ತಾರೆ. ಹಳೆಯ ಬಳಕೆಯಲ್ಲಿ ವಾರ್ತೆ ಎಂದರೆ ಜೀವನೋಪಾಯ, ವ್ಯವಹಾರ. ಮನೆಯ ಕಣಜ, ಲೆಕ್ಕ, ಆಳುಕಾಳುಗಳನ್ನೆಲ್ಲ ನೋಡಿಕೊಳ್ಳುವವನೇ ಮನೆವಾರ್ತೆಯವನು. ಇಲ್ಲಿನ ಗ್ರೀಕ್ ಪದ ಓಯ್ಕೊನೊಮೊಸ್. ಅದರಲ್ಲೂ ‘ಮನೆ’ ಎಂಬ ಪದ ಸೇರಿಕೊಂಡಿದೆ. ಅನುವಾದಕರು ಎಷ್ಟು ಸರಿಯಾದ ಪದ ಹುಡುಕಿದ್ದರು ನೋಡಿ. ಇಂಥ ಪದಗಳಿಗೆ 1894ರ ಕಿಟ್ಟೆಲ್ ನಿಘಂಟು ಕೈಗೆ ಸಿಕ್ಕರೆ ಬಿಡಬೇಡಿ.

ಕನ್ನಡಕ್ಕೆ ಇನ್ನೊಂದು ಅನುಕೂಲವಿದೆ. ಈಗಿನ ಇಂಗ್ಲಿಷಿನಲ್ಲಿ ನೀನು, ನೀವು ಎರಡಕ್ಕೂ ‘ಯು’ ಒಂದೇ. ಗ್ರೀಕಿನಲ್ಲೂ ಹೀಬ್ರೂವಿನಲ್ಲೂ ಅವು ಬೇರೆಬೇರೆ, ನಮ್ಮಲ್ಲೂ ಬೇರೆಬೇರೆ. ಲೂಕ 22:31-32ರಲ್ಲಿ ಯೇಸು ಸೀಮೋನ ಪೇತ್ರನಿಗೆ ಹೇಳುವುದನ್ನು ಕನ್ನಡದಲ್ಲಿ ಓದಿ: ಸೈತಾನನು ಕೇಳಿಕೊಂಡಿದ್ದು ‘ನಿಮ್ಮನ್ನು’, ಎಂದರೆ ಶಿಷ್ಯರೆಲ್ಲರನ್ನು, ಯೇಸು ಬೇಡಿಕೊಂಡಿದ್ದು ‘ನಿನ್ನ’ ವಿಷಯದಲ್ಲಿ, ಎಂದರೆ ಪೇತ್ರನೊಬ್ಬನಿಗಾಗಿ. ಇಂಗ್ಲಿಷ್ ಓದುವವರು ಇದಕ್ಕೆ ಅಡಿಟಿಪ್ಪಣಿ ನೋಡಬೇಕು. ನಮಗೆ ಓದಿದ ಕೂಡಲೇ ಗೊತ್ತಾಗುತ್ತದೆ.

ಆಮೇಲೆ ಬೇರೆ ಭಾಷೆಯ ಸತ್ಯವೇದವನ್ನು ಪಕ್ಕಕ್ಕಿಡಿ. ಇದು ನಮ್ಮ ಜಿಲ್ಲೆಯವರಿಗೆ ಕಷ್ಟವೇ ಅಲ್ಲ. ನಮ್ಮ ಕೂಟಕ್ಕೆ ಮುಳಬಾಗಿಲಿನಿಂದ ಸೊಸೆಯಾಗಿ ಬಂದ ಅಕ್ಕ ತೆಲುಗಿನಲ್ಲಿ ಓದುತ್ತಾರೆ, ರಾಬರ್ಟ್‌ಸನ್‌ಪೇಟೆಯ ತಂಗಿ ತಮಿಳಿನಲ್ಲಿ. 23ನೆಯ ಕೀರ್ತನೆಯ ಕೊನೆಯ ವಚನವನ್ನು ಒಬ್ಬೊಬ್ಬರೂ ತಮ್ಮ ತಮ್ಮ ಭಾಷೆಯಲ್ಲಿ ಓದಿದೆವು. ಕನ್ನಡದಲ್ಲಿ ‘ಶುಭವೂ ಕೃಪೆಯೂ ನನ್ನನ್ನು ಹಿಂಬಾಲಿಸುವವು’. ತೆಲುಗಿನಲ್ಲಿ ‘ಕೃಪಾಕ್ಷೇಮಮುಲೇ ನಾ ವೆಂಟ ವಚ್ಚುನು’, ನನ್ನ ಜೊತೆಜೊತೆಗೇ ಬರುವವು ಎಂದು. ತಮಿಳಿನಲ್ಲಿ ‘ನನ್ಮೈಯುಂ ಕಿರುಬೈಯುಂ ಎನ್ನೈ ತೊಡರುಂ’. ಒಂದೇ ಕ್ರಿಯಾಪದಕ್ಕೆ ಹಿಂದೆ ಬರುವುದು, ಜೊತೆಗೆ ಬರುವುದು, ಬಿಡದೆ ಮುಂದುವರಿಯುವುದು ಎಂದು ಮೂರು ಛಾಯೆ. ಅನುವಾದಗಳು ಹೀಗೆ ಕವಲೊಡೆದಲ್ಲಿ ಪೆನ್ಸಿಲಿನಿಂದ ಗುರುತು ಹಾಕಿಕೊಳ್ಳಿ. ಹುಡುಕಬೇಕಾದ ಪದ ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಎಲ್ಲ ಅನುವಾದಗಳೂ ಒಂದೇ ಮಾತು ಹೇಳುವ ಕಡೆ ಮೂಲಪದದಲ್ಲಿ ಏನೋ ಗುಟ್ಟು ಅಡಗಿದೆ ಎಂದು ಅಗೆಯುತ್ತಾ ಕೂರಬೇಡಿ.

ಈಗ ಮೊಬೈಲ್ ತೆಗೆಯಿರಿ. ಬ್ಲೂ ಲೆಟರ್ ಬೈಬಲ್ ಮತ್ತು ಸ್ಟೆಪ್ ಬೈಬಲ್ ಎರಡಕ್ಕೂ ದುಡ್ಡು ಕೊಡಬೇಕಿಲ್ಲ. ಕಂಪ್ಯೂಟರ್ ಇದ್ದವರಿಗೆ ಇ-ಸ್ವೋರ್ಡ್ ಇದೆ, ನೆಟ್ ಇಲ್ಲದಿದ್ದರೂ ನಡೆಯುತ್ತದೆ. ನಾನು ಹೆಚ್ಚಾಗಿ ಬ್ಲೂ ಲೆಟರ್ ಬೈಬಲ್ ಬಳಸುತ್ತೇನೆ. ಕೀರ್ತನೆ 23 ತೆರೆದು, ಆರನೆಯ ವಚನದ ಪಕ್ಕದ ಟೂಲ್ಸ್ ಒತ್ತಿ, ಇಂಟರ್‌ಲಿನಿಯರ್ ಆರಿಸಿ. ಒಂದು ಕಡೆ ಇಂಗ್ಲಿಷ್ ಪದ, ನಡುವೆ ಒಂದು ನಂಬರ್, ಇನ್ನೊಂದು ಕಡೆ ಹೀಬ್ರೂ ಪದ ಬರುತ್ತದೆ. ಆ ನಂಬರನ್ನು ಕೊಟ್ಟವರು ಜೇಮ್ಸ್ ಸ್ಟ್ರಾಂಗ್, 1890ರಲ್ಲಿ. ಹೀಬ್ರೂ ಪದಗಳಿಗೆ 1ರಿಂದ 8674, ಗ್ರೀಕಿಗೆ 1ರಿಂದ 5624. ಅವರು ಇದನ್ನು ಕಟ್ಟಿದ್ದು 1611ರ ಕಿಂಗ್ ಜೇಮ್ಸ್ ಇಂಗ್ಲಿಷ್ ಸತ್ಯವೇದದ ಮೇಲೆ. ಹಾಗಾಗಿ ಕನ್ನಡದ ಪದ ಟೈಪ್ ಮಾಡಿ ಹುಡುಕಬೇಡಿ. ಅಧ್ಯಾಯ, ವಚನ ಹಿಡಿದೇ ಹೋಗಿ.

‘ಹಿಂಬಾಲಿಸು’ ಎಂಬುದರ ಎದುರು ಇರುವುದು 7291, ರಾದಫ್. ನಂಬರ್ ಒತ್ತಿದರೆ ಆ ಪದದ ಪುಟ ತೆರೆಯುತ್ತದೆ. ಮೇಲ್ಗಡೆ ಅರ್ಥಗಳ ಪಟ್ಟಿ ಇರುತ್ತದೆ. ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ, ಬಹಳ ಜನ ಅಲ್ಲೇ ನಿಂತೂ ಬಿಡುತ್ತಾರೆ. ನೀವು ಕೆಳಗಿಳಿಯಿರಿ. ಆ ಪದ ಬಂದಿರುವ ಎಲ್ಲ ವಚನಗಳೂ ಕೆಳಗೆ ಸಾಲಾಗಿ ಇವೆ. ರಾದಫ್‌ಗೆ ನೂರಕ್ಕೂ ಹೆಚ್ಚು. ನಿಜವಾದ ಕೆಲಸ ಶುರುವಾಗುವುದೇ ಇಲ್ಲಿ. ಹೆಣ್ಣು ಕೊಡುವ ಮುಂಚೆ ಆ ಮನೆಯ ಅಕ್ಕಪಕ್ಕದವರನ್ನು ವಿಚಾರಿಸುವ ಹಾಗೆ, ಪದ ಎಲ್ಲೆಲ್ಲಿ, ಯಾರ ಜೊತೆ ಓಡಾಡಿದೆ ಎಂದು ಒಂದೊಂದೇ ವಚನವನ್ನು ಕನ್ನಡದಲ್ಲಿ ತೆಗೆದು ಓದಿ.

ವಿಮೋಚನಕಾಂಡ 14ರಲ್ಲಿ ಫರೋಹನು ರಥಗಳನ್ನು ಕಟ್ಟಿಕೊಂಡು ಇಸ್ರಾಯೇಲ್ಯರ ಬೆನ್ನುಹತ್ತಿದನಲ್ಲ, ಅದು ರಾದಫ್. 1 ಸಮುವೇಲ 24ರಲ್ಲಿ ದಾವೀದನು ತನ್ನನ್ನು ಕೊಲ್ಲಲು ಹುಡುಕುತ್ತಿದ್ದ ಅರಸ ಸೌಲನಿಗೆ, ಸತ್ತ ನಾಯಿಯಂಥ ನನ್ನನ್ನು ಯಾಕೆ ಅಟ್ಟಿಸಿಕೊಂಡು ಬಂದಿದ್ದೀ ಎಂದು ಕೇಳುವಾಗಲೂ ಅದೇ ಪದ. 26:20ರಲ್ಲಿ ಬೆಟ್ಟದಲ್ಲಿ ಕೌಜುಗದ ಹಕ್ಕಿಯನ್ನು ಬೇಟೆಯಾಡುವ ಮಾತಿದೆ, ಅಲ್ಲಿಯೂ ಅದೇ. ಅಂತರಗಂಗೆ ಬೆಟ್ಟದ ಗುಹೆಗಳಲ್ಲಿ ಬಗ್ಗಿ ನುಸುಳಿ ಬಂದವರಿಗೆ, ಅಂಥ ಕಡೆ ಜೀವ ಉಳಿಸಿಕೊಳ್ಳಲು ಅವಿತು ಕೂತವನ ಪಾಡನ್ನು ಬಿಡಿಸಿ ಹೇಳಬೇಕಿಲ್ಲ. ಈಗ 23ನೆಯ ಕೀರ್ತನೆಗೆ ಹಿಂದಿರುಗಿ. ದಾವೀದನ ಕೀರ್ತನೆ ಎಂದು ತಲೆಬರಹವಿದೆ. ಐದನೆಯ ವಚನದಲ್ಲಿ ವೈರಿಗಳ ಕಣ್ಣೆದುರೇ ಊಟ ಬಡಿಸಿದೆ. ವೈರಿಗಳು ಎದುರಿಗಿರುವಾಗ ಮುಂದೆ ಬರಬೇಕಾದ ಮಾತು ‘ಅವರು ನನ್ನನ್ನು ಬೆನ್ನಟ್ಟುವರು’ ಎಂಬುದು. ಬರುವುದು ಶುಭ ಮತ್ತು ಕೃಪೆ. ಜೀವಮಾನವೆಲ್ಲ ಅಟ್ಟಿಸಿಕೊಂಡು ಓಡಿದವನು ಈಗ ತನ್ನನ್ನು ಅಟ್ಟಿಸಿಕೊಂಡು ಬರುತ್ತಿರುವುದು ಏನು ಎಂದು ತಿರುಗಿ ನೋಡಿ ಹೇಳುತ್ತಿದ್ದಾನೆ. ಮುಳಬಾಗಿಲಿನ ಅಕ್ಕ ಇದನ್ನು ಕೇಳಿ, ‘ಹಂಗಾದ್ರೆ ನಾವು ನಿಂತ್ರೂ ಅದು ನಿಲ್ಲಲ್ಲ ಅನ್ನಿ’ ಎಂದರು.

ಇಲ್ಲೇ ಎಚ್ಚರವೂ ಬೇಕು. ರಾದಫ್ ಎಂದರೆ ಯಾವಾಗಲೂ ಹಿಂಸೆಯಿಂದ ಅಟ್ಟುವುದು ಎಂದು ಬರೆದುಕೊಂಡುಬಿಟ್ಟರೆ ತಪ್ಪಾಗುತ್ತದೆ. ಕೀರ್ತನೆ 34:14ರಲ್ಲಿ ಸಮಾಧಾನವನ್ನು ಹುಡುಕಿ ಅದರ ಬೆನ್ನುಹತ್ತು ಎನ್ನುವಾಗಲೂ, ಹೋಶೇಯ 6:3ರಲ್ಲಿ ಯೆಹೋವನನ್ನು ತಿಳಿಯಲು ಹವಣಿಸೋಣ ಎನ್ನುವಾಗಲೂ ಇದೇ ಕ್ರಿಯಾಪದ. ಬಿಡದೆ ಬೆನ್ನುಹತ್ತುವುದು ಎಲ್ಲ ಕಡೆಯೂ ಇದೆ. ಹಗೆಯೋ ಹಂಬಲವೋ ಎಂಬುದನ್ನು ಆ ವಾಕ್ಯವೇ ಹೇಳಬೇಕು.

ಅದೇ ವಚನದ ‘ಕೃಪೆ’ ಹೀಬ್ರೂವಿನಲ್ಲಿ ಹೆಸೆದ್, ನಂಬರ್ 2617. ಕೊಟ್ಟ ಮಾತಿಗೆ, ಕಟ್ಟಿಕೊಂಡ ಸಂಬಂಧಕ್ಕೆ ತಪ್ಪದ ಪ್ರೀತಿ ಅದು. ಅದಕ್ಕೆ 136ನೆಯ ಕೀರ್ತನೆ ಸಾಕು; 26 ವಚನಗಳಲ್ಲಿ 26 ಸಲ, ಆತನ ಕೃಪೆ ಶಾಶ್ವತ ಎಂಬ ಅದೇ ಪಲ್ಲವಿ. ಗಟ್ಟಿಯಾಗಿ ಓದಿ.

ನಮ್ಮ ಕಡೆಯ ಪ್ರಸಂಗಗಳಲ್ಲಿ ಕೇಳಿಬರುವ ಎರಡು ವಾದಗಳನ್ನು ಇಲ್ಲಿ ಹೇಳಲೇಬೇಕು. ಮೊದಲನೆಯದು ರೋಮಾಪುರ 1:16. ಸುವಾರ್ತೆ ದೇವರ ಬಲ ಎಂಬಲ್ಲಿ ಗ್ರೀಕ್ ಪದ ಡ್ಯುನಾಮಿಸ್, ಡೈನಮೈಟ್ ಹುಟ್ಟಿದ್ದು ಅದರಿಂದಲೇ, ಆದ್ದರಿಂದ ಸುವಾರ್ತೆ ದೇವರ ಡೈನಮೈಟ್ ಎನ್ನುತ್ತಾರೆ. ಕೆಜಿಎಫ್ ಸೀಮೆಯಲ್ಲಿ ಈ ಮಾತು ಚೆನ್ನಾಗಿ ನಾಟುತ್ತದೆ. 2001ರಲ್ಲಿ ಗಣಿ ಮುಚ್ಚುವವರೆಗೆ ಭೂಮಿಯೊಳಗೆ ಇಳಿದು ಬಂಡೆ ಸಿಡಿಸಿದವರ ಮಕ್ಕಳೇ ಬೆಂಚಿನ ಮೇಲೆ ಕೂತಿರುತ್ತಾರೆ. ಆದರೆ ಡೈನಮೈಟ್‌ಗೆ ಆಲ್‌ಫ್ರೆಡ್ ನೊಬೆಲ್ ಹೆಸರಿಟ್ಟಿದ್ದು 1867ರಲ್ಲಿ. ಅದಕ್ಕೆ ಸಾವಿರದ ಎಂಟುನೂರು ವರ್ಷ ಮುಂಚೆ ಪತ್ರ ಬರೆದ ಪೌಲನ ಮನಸ್ಸಿನಲ್ಲಿ ಸಿಡಿಮದ್ದು ಇರಲು ಸಾಧ್ಯವಿಲ್ಲ. ಒಂದು ಪದದಿಂದ ಮುಂದೆ ಯಾವ ಪದ ಹುಟ್ಟಿತೋ ಅದರ ಅರ್ಥವನ್ನು ಹಿಂದಕ್ಕೆ ತಂದು ತುಂಬಬಾರದು. ಡ್ಯುನಾಮಿಸ್ ಏನೆಂದು ಅದರ ವಚನಗಳನ್ನೇ ಕೇಳಿ. ಮತ್ತಾಯ 25:15ರಲ್ಲಿ ಆಳುಗಳಿಗೆ ಅವರವರ ಸಾಮರ್ಥ್ಯದ ಪ್ರಕಾರ ಹಣ ಕೊಟ್ಟನು ಎನ್ನುವಾಗ ಅದು ಬರುತ್ತದೆ. 2 ಕೊರಿಂಥ 12:9ರಲ್ಲಿ, ಬಲಹೀನತೆಯಲ್ಲಿ ಪೂರ್ಣವಾಗುವ ಬಲ ಎನ್ನುವಾಗ ಬರುತ್ತದೆ. ಬಂಡೆ ಸಿಡಿಯುವುದಕ್ಕಿಂತ ಎಷ್ಟು ದೊಡ್ಡ ಮಾತು ಅದು!

ಎರಡನೆಯದು, ಅಗಾಪೆ ದೇವರ ಪ್ರೀತಿ, ಫಿಲಿಯಾ ಮನುಷ್ಯರ ಸ್ನೇಹ ಎಂದು ಗೆರೆ ಎಳೆಯುವುದು. ಯೋಹಾನ 3:35ರಲ್ಲಿ ತಂದೆ ಮಗನನ್ನು ಪ್ರೀತಿಸುತ್ತಾನೆ ಎಂಬಲ್ಲಿ ಅಗಾಪೆಯ ಕ್ರಿಯಾರೂಪ ಅಗಪಾವೊ ಇದೆ. 5:20ರಲ್ಲಿ ಅದೇ ತಂದೆ, ಅದೇ ಮಗ, ಅಲ್ಲಿ ಫಿಲಿಯಾದ ಕ್ರಿಯಾರೂಪ ಫಿಲೆಯೊ. ದೇಮನು ಇಹಲೋಕವನ್ನು ಪ್ರೀತಿಸಿ ಪೌಲನನ್ನು ಬಿಟ್ಟುಹೋದನು ಎಂಬ 2 ತಿಮೊಥೆಯ 4:10ರಲ್ಲಿ ಇರುವುದೂ ಅಗಪಾವೊ. ಹಳೆಯ ಒಡಂಬಡಿಕೆಯ ಪ್ರಾಚೀನ ಗ್ರೀಕ್ ಅನುವಾದದಲ್ಲಿ, 2 ಸಮುವೇಲ 13ರ ಅಮ್ನೋನನು ತಾಮಾರಳನ್ನು ಕೆಡಿಸುವ ಮೊದಲು ಅವಳ ಮೇಲೆ ಇಟ್ಟಿದ್ದ ಮೋಹಕ್ಕೂ ಅಗಾಪೆ ಎಂದೇ ಬರೆದಿದೆ. 1 ಕೊರಿಂಥ 13ರ ಪ್ರೀತಿ ದೊಡ್ಡದಾಗಿರುವುದು ಪೌಲನು ಅಲ್ಲಿ ಅದರ ಬಗ್ಗೆ ಹೇಳುವ ಮಾತುಗಳಿಂದ: ತಾಳಿಕೊಳ್ಳುತ್ತದೆ, ದಯೆ ತೋರಿಸುತ್ತದೆ, ಹೊಟ್ಟೆಕಿಚ್ಚು ಪಡುವುದಿಲ್ಲ. ಪದದ ಹೆಸರೊಂದರಿಂದಲೇ ಆ ಪ್ರೀತಿ ಬರುವುದಿಲ್ಲ.

ಕೆಲವು ಪದಗಳಿಗೆ ನಮ್ಮ ಆಡುಮಾತಿನಲ್ಲೇ ಜೋಡಿ ಸಿಗುತ್ತದೆ. ತಪ್ಪಿಹೋದ ಮಗ ಇನ್ನೂ ದೂರದಲ್ಲಿರುವಾಗಲೇ ತಂದೆ ಕಂಡು ‘ಕನಿಕರಪಟ್ಟು’ ಓಡಿಬಂದನು ಎಂದು ಲೂಕ 15:20ರಲ್ಲಿದೆ. ಗ್ರೀಕಿನಲ್ಲಿ ಅದು ಸ್ಪ್ಲಾಂಖ್ನಿಜೊಮಾಯ್, ನಂಬರ್ 4697. ಅದು ಹುಟ್ಟಿದ್ದು ಸ್ಪ್ಲಾಂಖ್ನ ಎಂಬ ಪದದಿಂದ. ಸ್ಪ್ಲಾಂಖ್ನ ಎಂದರೆ ಹೊಟ್ಟೆಯೊಳಗಿನ ಅಂಗಗಳು, ಕರುಳು. ಆ ನೇರ ಅರ್ಥ ಹೊಸ ಒಡಂಬಡಿಕೆಯ ಕಾಲಕ್ಕೂ ಸತ್ತಿರಲಿಲ್ಲ. ಅಪೊಸ್ತಲರ ಕೃತ್ಯಗಳು 1:18ರಲ್ಲಿ ಯೂದನ ಹೊಟ್ಟೆ ಒಡೆದು ಹೊರಬಂದ ಕರುಳಿಗೆ ಅದೇ ಪದ. ‘ಮಗುವನ್ನ ನೋಡಿ ಕರುಳು ಚುರ್ ಅಂತು’ ಎಂದು ನಮ್ಮ ತಾಯಂದಿರು ಹೇಳುವುದೂ, ಈ ತಂದೆಗೆ ಆದದ್ದೂ ಒಂದೇ. ಈ ಕ್ರಿಯಾಪದ ಹೊಸ ಒಡಂಬಡಿಕೆಯಲ್ಲಿ 12 ಸಲ ಬರುತ್ತದೆ, ಹನ್ನೆರಡೂ ಮತ್ತಾಯ, ಮಾರ್ಕ, ಲೂಕ ಈ ಮೂರರಲ್ಲೇ. ಯಾರ ಕರುಳು ಚುರ್ ಎನ್ನುತ್ತದೆ ಎಂದು ಪಟ್ಟಿ ಮಾಡಿ ನೋಡಿ: ಒಂದೋ ಯೇಸುವಿನದು, ಇಲ್ಲವೇ ಆತನು ಹೇಳಿದ ಸಾಮ್ಯಕಥೆಗಳಲ್ಲಿ ಬರುವ ಒಡೆಯ, ಸಮಾರ್ಯದವನು, ತಂದೆ ಇವರದು. ಫಿಲೆಮೋನನ ಪತ್ರದ 12ನೆಯ ವಚನದಲ್ಲಂತೂ ಪೌಲನು ಸೆರೆಯಲ್ಲಿ ಮಗನಂತೆ ಪಡೆದ ಒನೇಸಿಮನನ್ನು ‘ನನ್ನ ಸ್ಪ್ಲಾಂಖ್ನ’ ಎಂದೇ ಕರೆಯುತ್ತಾನೆ. ಕರುಳಿನ ಕುಡಿ ಎಂಬ ಮಾತನ್ನು ಬಲ್ಲ ನಾವು ಇದಕ್ಕೆ ಬೇರೆ ವಿವರಣೆ ಹುಡುಕಬೇಕೇ?

ಇನ್ನು ಸಣ್ಣಪುಟ್ಟ ವಿಷಯಗಳು. ಹೀಬ್ರೂ ಪ್ರತಿಗಳಲ್ಲಿ ಕೆಲವೆಡೆ ವಚನದ ಸಂಖ್ಯೆ ಬೇರೆ ಇರುತ್ತದೆ. ಕೀರ್ತನೆ 51:1 ಅಲ್ಲಿ 51:3, ಯಾಕೆಂದರೆ ತಲೆಬರಹವನ್ನೂ ವಚನವೆಂದು ಎಣಿಸುತ್ತಾರೆ. ಯೋವೇಲ 2:28ರಿಂದ ಮುಂದಿನದು ಅಲ್ಲಿ ಮೂರನೆಯ ಅಧ್ಯಾಯ. ಪದ ಸಿಗಲಿಲ್ಲವೆಂದು ಗಾಬರಿಯಾಗಬೇಡಿ, ಹಿಂದೆಮುಂದೆ ನೋಡಿ. ದಾನಿಯೇಲ 2:4ರಿಂದ ಏಳನೆಯ ಅಧ್ಯಾಯದ ಕೊನೆವರೆಗೆ, ಎಜ್ರನ ಕೆಲವು ಭಾಗಗಳಲ್ಲಿ ಇರುವುದು ಅರಾಮ್ಯ ಭಾಷೆ, ಹೀಬ್ರೂ ಅಲ್ಲ. ಸ್ಟ್ರಾಂಗ್ ನಂಬರ್ ಕೊಡುವುದು ಪದದ ಮೂಲರೂಪವನ್ನು ಮಾತ್ರ; ಏಕವಚನವೋ ಬಹುವಚನವೋ, ಆಗಿಹೋದದ್ದೋ ಆಗುತ್ತಿರುವುದೋ ಎಂಬುದನ್ನು ಇಂಟರ್‌ಲಿನಿಯರ್‌ನ ವ್ಯಾಕರಣದ ಸಾಲಿನಲ್ಲಿ ನೋಡಬೇಕು. ಅದರ ಮೇಲೆ ಉಪದೇಶ ಕಟ್ಟುವ ಮುಂಚೆ ಗ್ರೀಕ್ ಕಲಿತ ಅಯ್ಯನವರೊಬ್ಬರನ್ನು ಕೇಳಿ. ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ, ಮಂಗಳೂರಿನ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನಲ್ಲಿ ಓದಿ ಬಂದವರು ನಮ್ಮ ಸಭೆಗಳಲ್ಲಿದ್ದಾರೆ; ಕೇಳಿದರೆ ಸಂತೋಷದಿಂದ ಹೇಳುತ್ತಾರೆ.

ನೋಟ್‌ಬುಕ್ಕಿನಲ್ಲಿ ಒಂದು ಪದಕ್ಕೆ ಎರಡು ಪುಟ ಬಿಡಿ. ಎಡಗಡೆ ವಚನಗಳು, ಅವುಗಳ ಪಕ್ಕ ಯಾರು ಯಾರಿಗೆ ಏನು ಮಾಡಿದರು ಎಂದು ಒಂದೊಂದು ಸಾಲು. ಬಲಗಡೆಯನ್ನು ಕೊನೆಯವರೆಗೂ ಖಾಲಿ ಇಟ್ಟು, ಎಲ್ಲ ಓದಿದ ಮೇಲೆ ನಿಮ್ಮ ಮನೆಮಾತಿನಲ್ಲಿ ಅರ್ಥ ಬರೆಯಿರಿ. ಎಲ್ಲಿಂದ ಶುರು ಮಾಡುವುದು ಎಂದರೆ ಮತ್ತಾಯ 18 ತೆಗೆದುಕೊಳ್ಳಿ. 27ನೆಯ ವಚನದಲ್ಲಿ ಸಾಲಗಾರನನ್ನು ನೋಡಿ ಒಡೆಯನಿಗೆ ಆದದ್ದು 4697, ಆ ಕರುಳಿನ ಪದವೇ. 33ರಲ್ಲಿ ಅದೇ ಒಡೆಯನು, ನಾನು ನಿನ್ನನ್ನು ಕರುಣಿಸಿದಂತೆ ನೀನೂ ಕರುಣಿಸಬೇಕಾಗಿತ್ತಲ್ಲವೇ ಎಂದು ಗದರಿಸುತ್ತಾನೆ. ಅಲ್ಲಿರುವುದು ಅದೇ ಪದವೋ ಬೇರೆಯೋ ನೋಡಿ. ಬೇರೆಯಾಗಿದ್ದರೆ, ಆ ಹೊಸ ಪದವನ್ನು ಮತ್ತಾಯನು ಇನ್ನೆಲ್ಲಿ, ಯಾರ ಬಾಯಲ್ಲಿ ಇಟ್ಟಿದ್ದಾನೆ ಎಂದು ಹುಡುಕಿ. ಯೆರಿಕೋವಿನಿಂದ ಹೊರಟ ದಾರಿಯಲ್ಲಿ, 20ನೆಯ ಅಧ್ಯಾಯದಲ್ಲಿ, ಎರಡು ಪದಗಳೂ ಒಟ್ಟಿಗೆ ಸಿಗುತ್ತವೆ.