ದುಬೈಗೆ ಮೊದಲು ಬೀದರ: ಅವ್ವನನ್ನು ವಿದೇಶಕ್ಕೆ ಕರೆದೊಯ್ದ ನನ್ನ ಅನುಭವ

ವಿದೇಶಕ್ಕೆ ಹೊರಡುವ ಮೊದಲು ಅದೇ ಚೀಲ, ಅದೇ ಔಷಧಿ, ಅದೇ ಬುತ್ತಿ ಹಿಡಿದು ಬೀದರಿಗೆ ಹೋಗಿ ಒಂದೆರಡು ರಾತ್ರಿ ಇದ್ದು ಬರೋಣ ಎಂದು ನಾನು ಹೇಳಿದಾಗ ಮನೆಯಲ್ಲಿ ಒಬ್ಬರೂ ಒಪ್ಪಲಿಲ್ಲ. "ಬೀದರಿಗೂ ದುಬೈಗೂ ಏನು ಸಂಬಂಧ ತಮ್ಮಾ?" ಎಂದು ಕಾಕಾ ಕೇಳಿದರು. ಕಲಬುರಗಿಯ ಗಂಜ್‌ನಲ್ಲಿರುವ (ಧಾನ್ಯದ ಮಾರುಕಟ್ಟೆ) ನಮ್ಮ ಅಡತಿ ಅಂಗಡಿಯ ಅಕ್ಕಪಕ್ಕದವರು, ಟೂರ್ ಕಂಪನಿಗೆ ಹಣ ಕಟ್ಟಿ ನಿಶ್ಚಿಂತೆಯಿಂದ ಇರಬಾರದೇ ಎಂದರು. ಎಪ್ಪತ್ತು ದಾಟಿದ, ಇನ್ಸುಲಿನ್ ತೆಗೆದುಕೊಳ್ಳುವ ಅವ್ವನನ್ನೂ ಮೊಣಕಾಲು ನೋವಿನ ಕಾಕಾರನ್ನೂ ನಾನೇ ಕರೆದೊಯ್ದು, ಎಲ್ಲರನ್ನೂ ಆರೋಗ್ಯವಾಗಿ ಮನೆ ಮುಟ್ಟಿಸಿದ ಮೇಲೆ ಹಾಗೆಂದವರೇ ಈಗ ನನ್ನ ಪ್ರವಾಸದ ಕಾಗದಪತ್ರಗಳ ಫೈಲು ಕೇಳುತ್ತಿದ್ದಾರೆ. ಅರ್ಜಿ ತುಂಬುವುದು, ಟಿಕೆಟ್ ಕಾಯ್ದಿರಿಸುವುದು ನಿಮಗೆಲ್ಲ ಗೊತ್ತಿರುವ ಕೆಲಸ. ಯಾರೂ ಹೇಳದಿರುವುದನ್ನು ಮಾತ್ರ ಬರೆಯುತ್ತೇನೆ.

ಮೊದಲು ಹೆಸರು. ನಮ್ಮ ಭಾಗದ ಹಿರಿಯ ಹೆಣ್ಣುಮಕ್ಕಳ ದಾಖಲೆಗಳಲ್ಲಿ ಒಂದೇ ಹೆಸರಿರುತ್ತದೆ, ಮನೆತನದ ಹೆಸರು ಇರುವುದಿಲ್ಲ. ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರಿದ್ದವರಿಗೆ ಪ್ರವಾಸಿ ವೀಸಾದಲ್ಲಿ ಪ್ರವೇಶವಿಲ್ಲ ಎಂದು ದುಬೈ ಇರುವ ದೇಶವಾದ ಸಂಯುಕ್ತ ಅರಬ್ ಸಂಸ್ಥಾನ 2022ರ ನವೆಂಬರ್‌ನಲ್ಲಿ ನಿಯಮ ತಂದಿತು. ಅದಕ್ಕೇ ಮೊದಲು ಅವ್ವನ ಆಧಾರ್‌ನಲ್ಲಿ ಮನೆತನದ ಹೆಸರು ಸೇರಿಸಿ, ಆಮೇಲೆ ಪಾಸ್‌ಪೋರ್ಟ್‌ಗೆ ಹೋದೆ. ಇದೊಂದಕ್ಕೇ ಎರಡು ತಿಂಗಳ ಮೇಲೆ ಹಿಡಿಯಿತು. ಅವ್ವ ಶಾಲೆಗೆ ಹೋದವಳಲ್ಲ. ಹತ್ತನೆಯ ತರಗತಿ ಮುಗಿಸದವರು ಕೆಲವು ದೇಶಗಳಿಗೆ ದುಡಿಯಲು ಹೋಗುವಾಗ ವಲಸೆ ತಪಾಸಣೆ ಇರುತ್ತದೆ. ಆದರೆ ಐವತ್ತು ದಾಟಿದವರಿಗೆ ಅದರಿಂದ ವಿನಾಯಿತಿ ಇದೆ, ಹತ್ತನೆಯ ತರಗತಿಯ ಪ್ರಮಾಣಪತ್ರ ಬೇಕಿಲ್ಲ. ಅರ್ಜಿಯಲ್ಲಿ ಆ ಕಲಮಿನಲ್ಲಿ ಸರಿಯಾದ ಗುರುತು ಹಾಕಿದರಾಯಿತು. ಅರವತ್ತು ದಾಟಿದವರಿಗೆ ಹೊಸ ಪಾಸ್‌ಪೋರ್ಟ್‌ನ 1500 ರೂಪಾಯಿ ಶುಲ್ಕದಲ್ಲಿ ನೂರಕ್ಕೆ ಹತ್ತು ಕಡಿತವೂ ಸಿಗುತ್ತದೆ.

ಇನ್ನು ಬೀದರ. 2017ರಲ್ಲಿ ಉದ್ಘಾಟನೆಯಾದ ಕಲಬುರಗಿ–ಬೀದರ ಮಾರ್ಗದ ರೈಲಿನಲ್ಲೇ ಹೊರಟೆವು. ಅವ್ವನಿಗೆ ಚುಚ್ಚುಮದ್ದು ತೆಗೆದುಕೊಂಡು ಅರ್ಧ ಗಂಟೆ ಬಿಟ್ಟು ಊಟ ಮಾಡುವ ರೂಢಿ. ರೈಲಿನಲ್ಲೂ ಹಾಗೆಯೇ ಮಾಡಿದಳು. ಬುತ್ತಿ ಡಬ್ಬಿ ದೊಡ್ಡ ಚೀಲದ ತಳದಲ್ಲಿತ್ತು, ಚೀಲ ಬೇರೆಯವರ ಸಾಮಾನಿನ ಕೆಳಗಿತ್ತು. ಅದನ್ನು ಎಳೆದು ತೆಗೆಯುವಷ್ಟರಲ್ಲಿ ಅವ್ವನ ಹಣೆಯ ಮೇಲೆ ಬೆವರು, ಕೈಬೆರಳುಗಳಲ್ಲಿ ನಡುಕ. "ಕಣ್ಣು ಮಂಜಾಗುತ್ತಿದೆ" ಎಂದಳು. ಗ್ಲೂಕೋಮೀಟರ್ ಅರವತ್ತರ ಆಸುಪಾಸು ತೋರಿಸಿತು, ರಕ್ತದ ಸಕ್ಕರೆ ಇಳಿದುಹೋಗಿತ್ತು. ಮೊದಲು ಬೆಲ್ಲ, ಹಿಂದೆಯೇ ಎದುರಿಗೆ ಕೂತಿದ್ದವರು ಕೊಟ್ಟ ಕಮಲಾಪುರದ ಕೆಂಪು ಬಾಳೆಹಣ್ಣು. ಕಾಲು ಗಂಟೆಯ ಮೇಲೆ ಮತ್ತೆ ನೋಡಿದಾಗ ಏರಿತ್ತು. ಇದೇ ವಿಮಾನದಲ್ಲಿ, ಎಲ್ಲರೂ ಬೆಲ್ಟ್ ಬಿಗಿದು ಕೂತ ಹೊತ್ತಿನಲ್ಲಿ ಆಗಿದ್ದರೆ? ಊರಿಗೆ ಮರಳಿದ ಮೇಲೆ ವೈದ್ಯರನ್ನು ಕೇಳಿ ನಿಯಮ ಬದಲಿಸಿದೆವು: ಪ್ರಯಾಣದಲ್ಲಿ ಊಟದ ತಟ್ಟೆ ಕಣ್ಣೆದುರು ಬಂದ ಮೇಲೆಯೇ ಚುಚ್ಚುಮದ್ದು. ಬೆಲ್ಲ ಅವ್ವನ ಸೊಂಟದ ಚೀಲದಲ್ಲಿ, ಬೇರೆ ಯಾರ ಬಳಿಯೂ ಅಲ್ಲ. ಇದು ನಿಮ್ಮ ಮನೆಯವರಿಗೂ ಹೊಂದುತ್ತದೆಯೇ ಎಂಬುದನ್ನು ಅವರ ವೈದ್ಯರನ್ನೇ ಕೇಳಿ.

ಬೀದರ ಕೋಟೆಯಲ್ಲಿ ಇನ್ನೊಂದು ವಿಷಯ ತಿಳಿಯಿತು. ಎಷ್ಟು ದೂರ ನಡೆಯಬಲ್ಲೆ ಎಂದು ಕೇಳಿದರೆ ಅವ್ವ ಯಾವಾಗಲೂ "ಎಷ್ಟಾದರೂ" ಎನ್ನುತ್ತಾಳೆ. ರಂಗೀನ್ ಮಹಲ್ ತಲುಪುವುದರೊಳಗೆ ಎರಡು ಸಲ ಕೂತಳು. ದುಬೈ ಮಾಲ್‌ಗೆ ಮೆಟ್ರೊ ನಿಲ್ದಾಣದಿಂದ ಇರುವ ಮೇಲ್ಸೇತುವೆಯ ದಾರಿಯೇ ಸುಮಾರು 800 ಮೀಟರ್. ಆಮೇಲಿನ ಒಂದೂವರೆ ತಿಂಗಳು ಸಂಜೆ ನಮ್ಮೂರಿನ ‘ಅಪ್ಪನ ಕೆರೆ’ಯ ದಂಡೆಯಲ್ಲಿ ಇಬ್ಬರನ್ನೂ ನಡೆಸಿದೆ. ಆದರೂ ಟಿಕೆಟ್ ಕಾಯ್ದಿರಿಸುವಾಗ ಗಾಲಿಕುರ್ಚಿ ಕೇಳುವುದನ್ನು ಬಿಡಲಿಲ್ಲ.

ಔಷಧಿಯ ವಿಷಯದಲ್ಲಿ ಯಾರೂ ಧೈರ್ಯ ಮಾಡಬೇಡಿ. ಸಕ್ಕರೆ ಕಾಯಿಲೆಯವರ ಪಾದದ ಉರಿಗೆ ಇಲ್ಲಿ ಸಾಮಾನ್ಯವಾಗಿ ಬರೆದುಕೊಡುವ ಪ್ರಿಗ್ಯಾಬಲಿನ್, ನೋವಿಗೆ ಕೊಡುವ ಟ್ರಮಡಾಲ್, ಕೆಮ್ಮಿನ ಸಿರಪ್ಪಿನ ಕೊಡೀನ್, ಇವೆಲ್ಲ ಅಲ್ಲಿ ನಿಯಂತ್ರಿತ ಔಷಧಿಗಳು. ಕಾಕಾರ ಮಾತ್ರೆಯಲ್ಲಿ ಟ್ರಮಡಾಲ್ ಇತ್ತು, ವೈದ್ಯರು ಅದನ್ನು ಬಿಡಿಸಿ ಬೇರೆ ಕೊಟ್ಟರು. ಅವ್ವನ ಪ್ರಿಗ್ಯಾಬಲಿನ್ ನಿಲ್ಲಿಸುವಂತಿರಲಿಲ್ಲ. ಅದಕ್ಕೆ ಅಲ್ಲಿನ ಆರೋಗ್ಯ ಸಚಿವಾಲಯದ ಜಾಲತಾಣದಲ್ಲಿ ಮುಂಚಿತವಾಗಿ ಅನುಮತಿ ಪಡೆದೆ. ಚೀಟಿಯಲ್ಲಿ ಕಂಪನಿಯ ಹೆಸರು ಸಾಲದು, ಔಷಧಿಯ ಮೂಲ ಹೆಸರೇ ಇರಬೇಕು. ವೈದ್ಯರ ಲೆಟರ್‌ಹೆಡ್‌ನಲ್ಲಿ ಟೈಪ್ ಮಾಡಿಸಿ, ಸಹಿ, ಮೊಹರು ಹಾಕಿಸಿಕೊಂಡೆ. ಬಿಡುವಿಲ್ಲದ ವೈದ್ಯರಿಂದ ಅರ್ಧ ದಿನದಲ್ಲಿ ಆ ಪತ್ರ ಪಡೆದದ್ದು ಹೇಗೆ ಎಂಬುದನ್ನು ಮಾತ್ರ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಇನ್ಸುಲಿನ್ ತಂಪಾಗಿಡುವ ಪ್ರಯೋಗಕ್ಕೇ ಎರಡು ಸಾವಿರದಷ್ಟು ಹೋಗಿರಬೇಕು. ಥರ್ಮಾಸ್‌ನಲ್ಲಿ ಮಂಜುಗಡ್ಡೆಯ ಜೊತೆ ಇಟ್ಟದ್ದು ಹೆಪ್ಪುಗಟ್ಟಿತು. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಕೆಲಸಕ್ಕೆ ಬಾರದು, ಎಸೆದೆ. ಆಮೇಲೆ ನೀರಿನಲ್ಲಿ ನೆನೆಸುವ ಚೀಲ ತರಿಸಿ, ಮೇ ತಿಂಗಳ ನಮ್ಮ ಬಿಸಿಲಿನಲ್ಲಿ ಒಳಗೆ ಉಷ್ಣಮಾಪಕ ಇಟ್ಟು ನೋಡಿದೆ. ಹೊರಗೆ ನಲವತ್ತು ದಾಟಿದ್ದರೂ ಗಾಳಿಯಾಡುವ ನೆರಳಿನಲ್ಲಿ ಒಳಗೆ ಇಪ್ಪತ್ತೇಳು, ಇಪ್ಪತ್ತೆಂಟು ಡಿಗ್ರಿಯಲ್ಲಿ ನಿಂತಿತು. ಮುಚ್ಚಿದ ಕಾರಿನಲ್ಲಿ ಇಟ್ಟಾಗ ಏನೂ ಪ್ರಯೋಜನವಾಗಲಿಲ್ಲ. ಅದು ಮಣ್ಣಿನ ಗಡಿಗೆಯ ಹಾಗೆ, ನೀರು ಆರಿದರೆ ಮಾತ್ರ ತಂಪು. ದುಬೈ ಕಡಲ ತೀರದ ಊರು, ಗಾಳಿಯಲ್ಲಿ ತೇವ ಹೆಚ್ಚು, ಅಲ್ಲಿ ಇದನ್ನೇ ನಂಬುವಂತಿಲ್ಲ. ಹಾಗಾಗಿ ದಾರಿಗೆ ಚೀಲ, ತಲುಪಿದ ಮೇಲೆ ಹೋಟೆಲಿನ ಫ್ರಿಜ್. ವಿಮಾನದಲ್ಲಿ ಮಾತ್ರ ಕೈಚೀಲದಲ್ಲೇ ಇರಬೇಕು. ಕೆಳಗಿನ ಸಾಮಾನಿನ ಕೋಣೆಯಲ್ಲಿ ಹೆಪ್ಪುಗಟ್ಟುವ ಭಯವಿದೆ, ಚೀಲ ತಪ್ಪಿಹೋದರೆ ಔಷಧಿಯೂ ಹೋದಂತೆ.

ಬುತ್ತಿಯ ಅಪಾಯ ಯಾರ ಗಮನಕ್ಕೂ ಬರುವುದಿಲ್ಲ. ಗಸಗಸೆ ಆ ದೇಶದಲ್ಲಿ ನಿಷಿದ್ಧ. ಅಫೀಮಿನ ಗಿಡದ ಬೀಜವಾದ್ದರಿಂದ ಅದನ್ನು ಮಾದಕ ವಸ್ತುವಿನ ಸಾಲಿಗೆ ಸೇರಿಸಿದ್ದಾರೆ. ನಮ್ಮ ಮಸಾಲೆ ಖಾರದಲ್ಲಿ ಗಸಗಸೆ, ಕರ್ಜಿಕಾಯಿಯ ಹೂರಣದಲ್ಲಿ ಗಸಗಸೆ, ಅಂಟಿನ ಉಂಡೆಯಲ್ಲಿ ಗಸಗಸೆ! ಅವ್ವ ಕಟ್ಟಿದ ಡಬ್ಬಿಗಳನ್ನೆಲ್ಲ ಬಿಚ್ಚಿಸಿ, ಎಳ್ಳು ಮತ್ತು ಶೇಂಗಾದಲ್ಲಿ ಹೊಸದಾಗಿ ಮಾಡಿಸಿದೆ. ಇಡೀ ಒಣ ಕೊಬ್ಬರಿಯನ್ನೂ ತೆಗೆದಿಟ್ಟೆ, ಎಣ್ಣೆಯಂಶದಿಂದ ಬೆಂಕಿ ಹತ್ತುವ ವಸ್ತುವೆಂದು ವಿಮಾನದಲ್ಲಿ ತಡೆಯುತ್ತಾರೆ. ಖಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ ನಿರಾತಂಕವಾಗಿ ಹೋದವು. ಬೀದರಿನಲ್ಲಿ ಪುಡಿಪುಡಿಯಾಗಿದ್ದ ರೊಟ್ಟಿ ದುಬೈಯಲ್ಲಿ ಇಡಿಯಾಗಿ ಹೊರಬಂದವು. ನಡುವೆ ಏನು ಹಾಕಿ ಕಟ್ಟಿದ್ದು ಎಂದು ಅವ್ವ ಹೇಳಗೊಡುವುದಿಲ್ಲ. ತೂಕವನ್ನು ಅಂಗಡಿಯ ಕಾಟಾದ ಮೇಲೆ ನಮ್ಮ ಹಮಾಲರೇ ನೋಡಿದರು.

ಓಣಿಯವರೊಬ್ಬರು ಮಗನಿಗೆ ಕೊಡಲು ಹೊಲಿದು ಮುಚ್ಚಿದ ಪೊಟ್ಟಣ ತಂದರು. ಬಿಚ್ಚಿ ನೋಡದೆ ಒಯ್ಯುವುದಿಲ್ಲ ಎಂದೆ. ಅವರು ಬಿಚ್ಚಲಿಲ್ಲ, ನಾನು ಒಯ್ಯಲಿಲ್ಲ. ಈಗಲೂ ಅವರು ಮಾತು ಬಿಟ್ಟಿದ್ದಾರೆ. ಆದರೂ ಈ ವಿಷಯದಲ್ಲಿ ದಾಕ್ಷಿಣ್ಯ ಸಲ್ಲದು.

ಹಣದ ಲೆಕ್ಕ ನೆನಪಿನಿಂದ ಹೇಳುತ್ತಿದ್ದೇನೆ. ಟೂರ್‌ನವರು ತಲೆಗೆ ಎಂಬತ್ತೈದು ಸಾವಿರದಷ್ಟು ಕೇಳಿದ್ದರು, ಮೇಲೆ ಮೂಲದಲ್ಲೇ ಹಿಡಿಯುವ ತೆರಿಗೆ. ನಮಗೆ ಹೈದರಾಬಾದಿನವರೆಗಿನ ಬಾಡಿಗೆ ಕಾರು, ವಿಮಾನ, ವೀಸಾ, ವಿಮೆ, ಐದಾರು ರಾತ್ರಿಯ ವಾಸ್ತವ್ಯ ಎಲ್ಲ ಸೇರಿ ತಲೆಗೆ ಅರವತ್ತು ಸಾವಿರದ ಸುತ್ತ ಬಿತ್ತು. ಬೀದರಿನ ಖರ್ಚು ನಾಲ್ವರಿಗೂ ಸೇರಿ ಎಂಟು ಸಾವಿರ ಮೀರಲಿಲ್ಲ. ಅಲ್ಲಿ ಕಾರ್ಡ್ ಉಜ್ಜಿದಾಗ ರೂಪಾಯಿಯಲ್ಲಿ ಕೊಡುತ್ತೀರಾ, ದಿರ್ಹಮ್‌ನಲ್ಲಿ ಕೊಡುತ್ತೀರಾ ಎಂದು ಯಂತ್ರ ಕೇಳಿದರೆ ದಿರ್ಹಮ್ ಒತ್ತಿ. ರೂಪಾಯಿ ಒತ್ತಿದರೆ ಅವರು ಹೇಳಿದ ದರಕ್ಕೆ ತಲೆಬಾಗಬೇಕು. ದಿರ್ಹಮ್ ಡಾಲರಿಗೆ ಕಟ್ಟಿದ ನಾಣ್ಯ, ಒಂದು ಡಾಲರಿಗೆ 3.6725. ಆದ್ದರಿಂದ ನಾನು ಡಾಲರಿನ ದರ ನೋಡಿಕೊಂಡೇ ಫಾರೆಕ್ಸ್ ಕಾರ್ಡಿಗೆ (ಮೊದಲೇ ವಿದೇಶಿ ಹಣ ತುಂಬಿಡುವ ಕಾರ್ಡು) ಹಣ ತುಂಬಿದೆ. ವಾರದ ಯಾವ ದಿನ ವಿಮಾನದ ಟಿಕೆಟ್ ಕೊಂಡೆ ಎಂದು ಕೇಳಬೇಡಿ.

ವಿಮೆಯಲ್ಲಿ ಅಗ್ಗದ್ದನ್ನು ಬಿಟ್ಟೆ. ಆ ಪಾಲಿಸಿಯ ಒಳಪುಟದಲ್ಲಿ ಮೊದಲೇ ಇರುವ ಕಾಯಿಲೆಗೆ ಪರಿಹಾರವಿಲ್ಲ ಎಂದಿತ್ತು. ಸಕ್ಕರೆ ಕಾಯಿಲೆಯನ್ನು ಮುಚ್ಚಿಡದೆ ಬರೆಸಿ, ಅದಕ್ಕೂ ರಕ್ಷಣೆ ಇರುವುದನ್ನು ಕೊಂಡೆ. ಅವ್ವನೊಬ್ಬಳದೇ ಮೂರು ಸಾವಿರದ ಹತ್ತಿರ ಬಂದಿತು.

ವಾಟ್ಸ್‌ಆ್ಯಪ್ ಕರೆ ಅಲ್ಲಿ ನಡೆಯುವುದಿಲ್ಲ, ಬರಹ ಮತ್ತು ಧ್ವನಿ ಸಂದೇಶ ಹೋಗುತ್ತವೆ. ಕರೆ ಬರದಿದ್ದರೆ ಊರಿನಲ್ಲಿರುವವರು ಗಾಬರಿಯಾಗುತ್ತಾರೆಂದು ಬೀದರಿನಿಂದಲೇ ಬರೀ ಧ್ವನಿ ಸಂದೇಶ ಕಳಿಸಿ ರೂಢಿ ಮಾಡಿಸಿದ್ದೆ. ಅವ್ವ ಸಂದೇಶ ಕಳಿಸುವುದನ್ನು ಕಲಿತದ್ದೂ ಅಲ್ಲೇ.

ದುಬೈಯ ವಿಮಾನ ನಿಲ್ದಾಣದಲ್ಲಿ ಸೂಜಿಗಳನ್ನು ನೋಡಿ ಪತ್ರ ಕೇಳಿದರು, ಅನುಮತಿಯ ಪ್ರತಿಯನ್ನೂ ಜೊತೆಗೆ ಕೊಟ್ಟೆ, ಎರಡೇ ನಿಮಿಷದಲ್ಲಿ ಬಿಟ್ಟರು. ಒಂದು ದಿರ್ಹಮ್ ಕೊಟ್ಟು ದೋಣಿಯಲ್ಲಿ ಖಾರಿ (ಊರೊಳಗೆ ನುಗ್ಗಿದ ಕಡಲ ಕವಲು) ದಾಟುವಾಗ ಕಾಕಾ, ಮುಂದಿನ ಸಲ ಎಲ್ಲಿಗೆ ಎಂದು ಕೇಳಿದರು.

ಹುಮನಾಬಾದ್ ಕಡೆಯ ನಮ್ಮ ಬೀಗರು ಈಗ ಇದೇ ಕ್ರಮದಲ್ಲಿ ಹೊರಡಲು ಸಿದ್ಧರಾಗಿದ್ದಾರೆ. ಅವರಲ್ಲಿ ಒಬ್ಬರಿಗೆ ಈಚೆಗೆ ಹೃದಯದ ಶಸ್ತ್ರಚಿಕಿತ್ಸೆಯಾಗಿದೆ. ಅವರಿಗೆ ಬೀದರಿನ ತಾಲೀಮು ಸಾಲದು ಎಂದು ಹೇಳಿದ್ದೇನೆ. ವಿಮಾನ ಹತ್ತಬಹುದೆಂದು ಹೃದಯ ತಜ್ಞರು ಬರೆದುಕೊಟ್ಟ ಮೇಲೆಯೇ ಟಿಕೆಟ್ ಕೊಳ್ಳಬೇಕು.