ಇಂಗ್ಲೆಂಡಿನಲ್ಲಿ ನಾಯಿ ಸಾಕಲು ಹೊರಟವರಿಗೆ: ಬೆಲ್ಟು, ಲೀಡು, ಕೋಟು ಮತ್ತು ಉಳಿದ ಸಾಮಾನು

ನಮ್ಮ ನಾಯಿ ಗೌರಿ ಮನೆಗೆ ಬಂದು ಅವತ್ತಿಗೆ ಮೂರು ದಿನ. ರೆಡಿಂಗ್‌ನಲ್ಲಿ ನಮ್ಮ ಮನೆ ಹತ್ತಿರದ ಬಸ್ ಸ್ಟಾಪಿನಲ್ಲಿ ಬಸ್ಸೊಂದು ಬುಸ್ಸೆಂದು ಬಂದು ನಿಂತಿತು. ಗೌರಿ ಬೆಚ್ಚಿ ಎರಡು ಹೆಜ್ಜೆ ಹಿಂದಕ್ಕೆ ಸರಿದಳು. ಅಷ್ಟೇ. ಬೆಲ್ಟು ಅವಳ ತಲೆಯಿಂದ ಜಾರಿ ನನ್ನ ಕೈಯಲ್ಲಿ ಉಳಿಯಿತು. ಅವಳು ರಸ್ತೆ ದಾಟಿ ಓಡಿದ್ದಳು. ಇಪ್ಪತ್ತು ನಿಮಿಷ ಹುಡುಕಿದೆವು. ಎರಡು ಬೀದಿ ಆಚೆ ಒಬ್ಬ ಅಜ್ಜಿ ಅವಳನ್ನು ತಮ್ಮ ಗೇಟಿನೊಳಗೆ ಸೇರಿಸಿಕೊಂಡು, ಯಾರಾದರೂ ಬರುತ್ತಾರೇನೋ ಅಂತ ಕಾಯುತ್ತಾ ನಿಂತಿದ್ದರು. ನಮಗೆ ಫೋನ್ ಮಾಡೋಣವೆಂದರೆ ಅವರ ಬಳಿ ನಂಬರೇ ಇಲ್ಲ. ನಂಬರ್ ಇದ್ದ ಟ್ಯಾಗು ಬೆಲ್ಟಿನಲ್ಲಿತ್ತು, ಬೆಲ್ಟು ನನ್ನ ಕೈಯಲ್ಲಿತ್ತು.

ಆ ಬೆಲ್ಟನ್ನು ಕೊಡುವಾಗ ಅಂಗಡಿಯವರು "ಇದು ಎಲ್ಲಾ ನಾಯಿಗೂ ಆಗುತ್ತೆ" ಅಂದಿದ್ದರು. ಆಗುವುದಿಲ್ಲ. ಗೌರಿ ರೇಸಿನಿಂದ ನಿವೃತ್ತಿಯಾದ ಗ್ರೇಹೌಂಡ್. ನಮ್ಮ ಮುಧೋಳ ನಾಯಿಯನ್ನು ನೋಡಿದವರಿಗೆ ಆ ಮೈಕಟ್ಟು ಗೊತ್ತಿರುತ್ತದೆ: ಉದ್ದ ಕತ್ತು, ಸಣ್ಣ ತಲೆ, ಆಳವಾದ ಎದೆ, ಒಳಗೆ ಸೇರಿದ ಹೊಟ್ಟೆ. ಇಂಥ ನಾಯಿಗಳಿಗೆ ತಲೆಗಿಂತ ಕತ್ತೇ ದಪ್ಪ. ಸಾಮಾನ್ಯ ಬೆಲ್ಟನ್ನು ಎಷ್ಟು ಬಿಗಿ ಮಾಡಿದರೂ ಹಿಂದಕ್ಕೆ ಎಳೆದಾಗ ಕಳಚಿಕೊಳ್ಳುತ್ತದೆ. ಇವುಗಳಿಗೆ ಮಾರ್ಟಿಂಗೇಲ್ ಅನ್ನುವ ಬೆಲ್ಟೇ ಬೇಕು. ಅದು ಅಗಲವಾಗಿರುತ್ತದೆ. ನಾಯಿ ಎಳೆದಾಗ ಸ್ವಲ್ಪ ಬಿಗಿಯಾಗಿ ಒಂದು ಅಳತೆಗೆ ನಿಂತುಬಿಡುತ್ತದೆ. ತಲೆ ಜಾರುವುದಿಲ್ಲ, ಉಸಿರೂ ಕಟ್ಟುವುದಿಲ್ಲ.

ಈಗ ಇಲ್ಲಿಗೆ ಹೊಸದಾಗಿ ಬಂದವರು ನನಗೆ ಆಗಾಗ ಫೋನ್ ಮಾಡುತ್ತಾರೆ. "ಅಕ್ಕಾ, ಮುಂದಿನ ವಾರ ನಾಯಿ ತರ್ತಿದ್ದೀವಿ, ಏನೇನು ತಗೋಬೇಕು?" ನಾನು ಮೊದಲು ಕೇಳುವುದು, ಯಾವ ನಾಯಿ, ಕತ್ತು ಎದೆ ಅಳತೆ ಎಷ್ಟು ಅಂತ. ನಾಯಿಯನ್ನು ಅಳೆಯದೆ ಏನನ್ನೂ ಕೊಳ್ಳಬೇಡಿ. ಬಟ್ಟೆ ಹೊಲಿಯುವ ಟೇಪ್ ಸಾಕು. ಕತ್ತಿನ ಸುತ್ತ, ತಲೆಯ ದಪ್ಪ ಭಾಗದ ಸುತ್ತ, ಮುಂಗಾಲಿನ ಹಿಂದೆ ಎದೆಯ ಸುತ್ತ, ಕತ್ತಿನ ಬುಡದಿಂದ ಬಾಲದ ಬುಡದವರೆಗೆ. ಈ ನಾಲ್ಕನ್ನೂ ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಒಂದು ಕಂಪನಿಯ ಮೀಡಿಯಂ ಇನ್ನೊಂದರ ಸ್ಮಾಲ್ ಆಗಿರುತ್ತದೆ, ಹಾಗಾಗಿ ಸೈಜಿನ ಹೆಸರು ನಂಬಬೇಡಿ. ತೊಡಿಸಿದ ಮೇಲೆ ಪಟ್ಟಿಯ ಕೆಳಗೆ ಎರಡು ಬೆರಳು ಆರಾಮಾಗಿ ಹೋಗಬೇಕು.

ಟ್ಯಾಗಿನ ವಿಷಯ ಜಾಸ್ತಿ ಹೇಳಬೇಕು, ಯಾಕೆಂದರೆ ಇದು ಕಾನೂನು. 1992ರ ಕಂಟ್ರೋಲ್ ಆಫ್ ಡಾಗ್ಸ್ ಆರ್ಡರ್ ಪ್ರಕಾರ ಸಾರ್ವಜನಿಕ ಜಾಗದಲ್ಲಿ ನಾಯಿಯ ಕತ್ತಿನಲ್ಲಿ ಬೆಲ್ಟು ಇರಬೇಕು. ಆ ಬೆಲ್ಟಿನ ಮೇಲೋ ಅದಕ್ಕೆ ಸಿಕ್ಕಿಸಿದ ಟ್ಯಾಗಿನ ಮೇಲೋ ಯಜಮಾನರ ಹೆಸರು, ವಿಳಾಸ ಇರಬೇಕು. ನಾಯಿಯ ಹೆಸರನ್ನು ಕಾನೂನು ಕೇಳುವುದಿಲ್ಲ. ಫೋನ್ ನಂಬರನ್ನೂ ಕೇಳುವುದಿಲ್ಲ, ಆದರೆ ನಿಜವಾಗಿ ಕೆಲಸಕ್ಕೆ ಬರುವುದು ಅದೇ, ಹಾಕಿಸಿ. ಬರೀ ನಾಯಿಯ ಹೆಸರು ಮತ್ತು ಒಂದು ಹೃದಯದ ಚಿತ್ರ ಕೆತ್ತಿದ ಟ್ಯಾಗುಗಳು ಎಲ್ಲೆಡೆ ಸಿಗುತ್ತವೆ. ನೋಡಲು ಚೆಂದ, ಆದರೆ ಸಾಲದು. ಚರ್ಮದ ಕೆಳಗೆ ಹಾಕುವ ಮೈಕ್ರೋಚಿಪ್ ಇದೆಯಲ್ಲಾ ಅನ್ನಬಹುದು. 2016ರ ಏಪ್ರಿಲ್‌ನಿಂದ ಚಿಪ್ ಕೂಡ ಕಡ್ಡಾಯವೇ, ಮರಿಗೆ ಎಂಟು ವಾರ ಆಗುವಷ್ಟರಲ್ಲಿ ಹಾಕಿಸಿರಬೇಕು. ಆದರೆ ಚಿಪ್ ಓದಲು ಸ್ಕ್ಯಾನರ್ ಬೇಕು. ಗೇಟಿನಲ್ಲಿ ನಿಂತಿದ್ದ ಆ ಅಜ್ಜಿಯ ಬಳಿ ಸ್ಕ್ಯಾನರ್ ಎಲ್ಲಿಂದ ಬರಬೇಕು?

ಹೊಸಬರು ಬಾಡಿಗೆ ಮನೆ ಬದಲಾಯಿಸುತ್ತಲೇ ಇರುತ್ತೀರಿ. ಮನೆ ಬದಲಾದರೆ ಟ್ಯಾಗನ್ನೂ ಬದಲಿಸಬೇಕು, ಚಿಪ್ ಡೇಟಾಬೇಸಿನಲ್ಲಿ ವಿಳಾಸವನ್ನೂ ತಿದ್ದಿಸಬೇಕು. ಊರಿನ ಫೋನ್ ನಂಬರ್ ಕೊಟ್ಟು ಆಮೇಲೆ ಆ ಸಿಮ್ಮನ್ನೇ ತೆಗೆದುಹಾಕಿದವರನ್ನು ನಾನು ನೋಡಿದ್ದೇನೆ. ಬ್ಯಾಂಕು, ಜಿಪಿ ಸರ್ಜರಿಗೆ (ನಮ್ಮ ಡಾಕ್ಟರ ಕ್ಲಿನಿಕ್ಕಿಗೆ) ವಿಳಾಸ ತಿಳಿಸುವ ದಿನವೇ ಇದನ್ನೂ ಮುಗಿಸಿಬಿಡಿ.

ನಡೆಸುವಾಗ ಲೀಡನ್ನು, ಅಂದರೆ ನಾಯಿ ಹಿಡಿಯುವ ಹಗ್ಗವನ್ನು, ಬೆಲ್ಟಿಗಿಂತ ಹಾರ್ನೆಸ್‌ಗೆ (ಎದೆ, ಭುಜಕ್ಕೆ ತೊಡಿಸುವ ಪಟ್ಟಿಗೆ) ಹಾಕುವುದು ಒಳ್ಳೆಯದು. ಎಳೆಯುವ ನಾಯಿಗಂತೂ ಕತ್ತಿನ ಮೇಲೆ ಭಾರ ಬೀಳಬಾರದು. ಎದೆಯ ಮುಂದೆ ಇಂಗ್ಲಿಷಿನ ವೈ ಅಕ್ಷರದ ಹಾಗೆ ಇರುವುದನ್ನು ಆರಿಸಿ. ಎದೆಗೆ ಅಡ್ಡವಾಗಿ ಒಂದೇ ಪಟ್ಟಿ ಇರುವುದು ಭುಜಕ್ಕೆ ತಡೆಯಾಗುತ್ತದೆ. ಗೌರಿಯಂಥ ಸಣ್ಣ ಸೊಂಟದ ನಾಯಿಗೆ, ಅಥವಾ ಊರಿನಿಂದ ತಂದ ಹೆದರಿಕೆ ಸ್ವಭಾವದ ದೇಸಿ ನಾಯಿಗೆ, ಹೊಟ್ಟೆಯ ಹತ್ತಿರ ಇನ್ನೊಂದು ಪಟ್ಟಿ ಇರುವ ಹಾರ್ನೆಸ್ ತೆಗೆದುಕೊಳ್ಳಿ. ಹಿಂದಕ್ಕೆ ಸರಿದು ಕಳಚಿಕೊಳ್ಳಲು ಆಗುವುದಿಲ್ಲ. ಮೊದಲ ಒಂದೆರಡು ತಿಂಗಳು ನಾನು ಎರಡೂ ತುದಿಯಲ್ಲಿ ಕ್ಲಿಪ್ ಇರುವ ಲೀಡ್ ಬಳಸಿದೆ, ಒಂದು ತುದಿ ಬೆಲ್ಟಿಗೆ, ಇನ್ನೊಂದು ಹಾರ್ನೆಸ್‌ಗೆ. ಈಗಲೂ ಅಕ್ಟೋಬರ್ ಕೊನೆಯಿಂದ ನವೆಂಬರ್ ಮಧ್ಯದವರೆಗೆ ಹಾಗೇ ಮಾಡುತ್ತೇನೆ. ಆಗ ನಮ್ಮ ದೀಪಾವಳಿಯೂ ಬರುತ್ತದೆ, ಇವರ ನವೆಂಬರ್ 5ರ ಬಾನ್‌ಫೈರ್ ನೈಟ್ ಕೂಡ ಬರುತ್ತದೆ. ಪಟಾಕಿ ಯಾವ ಮೂಲೆಯಿಂದ ಯಾವಾಗ ಸಿಡಿಯುತ್ತದೋ ಹೇಳಲಾಗದು. ಆ ದಿನಗಳಲ್ಲಿ ಕತ್ತಲಾಗುವ ಮುಂಚೆಯೇ ವಾಕಿಂಗ್ ಮುಗಿಸಿ.

ಲೀಡು ಒಂದೂವರೆ, ಎರಡು ಮೀಟರ್ ಇದ್ದರೆ ಸಾಕು. ಬಟನ್ ಒತ್ತಿದರೆ ಉದ್ದವಾಗುವ ಸುರುಳಿ ಲೀಡನ್ನು ದಯವಿಟ್ಟು ತೆಗೆದುಕೊಳ್ಳಬೇಡಿ. ತೆಳು ದಾರ ಕೈಗೆ ಸುತ್ತಿಕೊಂಡರೆ ಚರ್ಮ ಕಿತ್ತುಬರುತ್ತದೆ. ಗ್ರೇಹೌಂಡ್ ಕೆಲವೇ ಹೆಜ್ಜೆಯಲ್ಲಿ ಪೂರ್ತಿ ವೇಗಕ್ಕೆ ಬರುತ್ತದೆ. ದಾರ ಮುಗಿಯುವ ಜಾಗದಲ್ಲಿ ಬೀಳುವ ಜಗ್ಗು ಅದರ ಕತ್ತಿಗೂ ಒಳ್ಳೆಯದಲ್ಲ, ನಿಮ್ಮ ಭುಜಕ್ಕೂ ಒಳ್ಳೆಯದಲ್ಲ. ರಸ್ತೆಯ ನಿಯಮ ಹೇಳುವ ಹೈವೇ ಕೋಡ್ ಕೂಡ ಫುಟ್‌ಪಾತ್ ಮೇಲೆ ನಾಯಿಯನ್ನು ಗಿಡ್ಡ ಲೀಡಿನಲ್ಲಿ ಇರಿಸಿ ಅನ್ನುತ್ತದೆ. ಹಳ್ಳಿ ಕಡೆ ಹೋದರೆ ಇನ್ನೊಂದು ನಿಯಮ ಇದೆ. ಜನರಿಗೆ ತೆರೆದಿಟ್ಟ ಗುಡ್ಡ, ಬಯಲುಗಳಲ್ಲಿ ಮಾರ್ಚ್ 1ರಿಂದ ಜುಲೈ 31ರವರೆಗೆ ನಾಯಿ ಎರಡು ಮೀಟರ್‌ಗಿಂತ ಉದ್ದವಿಲ್ಲದ ಲೀಡಿನಲ್ಲೇ ಇರಬೇಕು. ಅದು ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗಳ ಕಾಲ. ಕುರಿ, ದನ ಕಂಡರೆ ಯಾವ ತಿಂಗಳಾದರೂ ಹತ್ತಿರ ಹಿಡಿದುಕೊಳ್ಳಿ. ಬಿಟ್ಟು ಆಡಿಸುವ ಅಭ್ಯಾಸಕ್ಕೆ ಹತ್ತು ಮೀಟರಿನ ಉದ್ದ ಲೈನ್ ಸಿಗುತ್ತದೆ. ಅದನ್ನು ಹಾರ್ನೆಸ್‌ಗೆ ಮಾತ್ರ ಹಾಕಿ, ಬೆಲ್ಟಿಗೆ ಬೇಡ.

ಶಾಕ್ ಕೊಡುವ ಕಾಲರ್ ಬೇಡವೇ ಬೇಡ. ವೇಲ್ಸ್‌ನಲ್ಲಿ 2010ರಿಂದಲೇ ಅದಕ್ಕೆ ನಿಷೇಧ ಇದೆ. ಹೆದರಿದ ನಾಯಿ ಕಲಿಯುವುದಿಲ್ಲ, ಇನ್ನೂ ಹೆದರುತ್ತದೆ.

ಇನ್ನು ಚಳಿ, ಮಳೆ, ಕತ್ತಲು. ಡಿಸೆಂಬರಿನಲ್ಲಿ ಇಲ್ಲಿ ನಾಲ್ಕು ಗಂಟೆಗೆ ಮುಂಚೆಯೇ ಸೂರ್ಯ ಮುಳುಗುತ್ತಾನೆ, ಬೆಳಿಗ್ಗೆ ಎಂಟರವರೆಗೂ ಬೆಳಕಿಲ್ಲ. ಕೆಲಸಕ್ಕೆ ಹೋಗುವವರಾದರೆ ನಿಮ್ಮ ಎರಡು ವಾಕಿಂಗೂ ಕತ್ತಲಲ್ಲೇ. ಬೆಲ್ಟಿಗೆ ಸಿಕ್ಕಿಸುವ ಪುಟ್ಟ ಲೈಟು ಕೆಲವೇ ಪೌಂಡಿಗೆ ಸಿಗುತ್ತದೆ. ಕಪ್ಪು ನಾಯಿಗೆ ಅದು ಅಲಂಕಾರ ಅಲ್ಲ, ಕಾರಿನವರಿಗೆ ಅದು ಕಾಣುವುದೇ ಆ ಲೈಟಿನಿಂದ. ಕೋಟು ಎಲ್ಲಾ ನಾಯಿಗೂ ಬೇಕಿಲ್ಲ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ಗೆ ದೇವರೇ ಕೋಟು ಕೊಟ್ಟಿದ್ದಾನೆ. ಗ್ರೇಹೌಂಡ್, ವಿಪೆಟ್, ನಮ್ಮ ದೇಸಿ ನಾಯಿ, ವಯಸ್ಸಾದ ನಾಯಿ, ಇವಕ್ಕೆ ಬೇಕು. ನೀರು ಒಳಗೆ ಇಳಿಯದ, ಎದೆ ಮುಚ್ಚುವ ಕೋಟು ನೋಡಿ. ಕೋಟಿನ ಮೇಲೆ ಹಾರ್ನೆಸ್ ಹಾಕಬೇಕೋ, ಒಳಗೆ ಹಾಕಿ ತೂತಿನಿಂದ ಲೀಡ್ ತರಬೇಕೋ ಅಂತ ಅಂಗಡಿಯಲ್ಲೇ ತೊಡಿಸಿ ನೋಡಿ. ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಟವೆಲ್ ಬಟ್ಟೆಯಲ್ಲಿ ಹೊಲಿದ ಕೋಟು. ಮಳೆಯಲ್ಲಿ ನೆನೆದು ಬಂದವಳಿಗೆ ತೊಡಿಸಿದರೆ ಅರ್ಧ ಗಂಟೆಯಲ್ಲಿ ಮೈ ಒಣಗುತ್ತದೆ, ಕಾರ್ಪೆಟ್ಟೂ ಉಳಿಯುತ್ತದೆ. ಬಾಡಿಗೆ ಮನೆಯ ಕಾರ್ಪೆಟ್ಟಿಗೆ ಡಿಪಾಸಿಟ್ ಕಟ್ಟಿರುತ್ತೇವೆ ಅಲ್ವಾ?

ಹಿಮ ಬೀಳುವ ದಿನ ರಸ್ತೆಗೆ ಉಪ್ಪು ಎರಚುತ್ತಾರೆ. ಮನೆಗೆ ಬಂದ ತಕ್ಷಣ ಬೆಚ್ಚಗಿನ ನೀರಿನಲ್ಲಿ ಪಾದ ತೊಳೆಯಿರಿ, ನೆಕ್ಕಲು ಬಿಡಬೇಡಿ. ಇದಕ್ಕೆ ಹಳೇ ಬೋಗುಣಿಯೊಂದು ಬಾಗಿಲ ಬಳಿ ಇದ್ದರೆ ಸಾಕು.

ಕಾರಿನಲ್ಲಿ ನಾಯಿಯನ್ನು ಸುಮ್ನೆ ಸೀಟಿನ ಮೇಲೆ ಕೂರಿಸಿಕೊಂಡು ಹೋಗುವಂತಿಲ್ಲ. ಹೈವೇ ಕೋಡಿನ 57ನೇ ನಿಯಮ ಹೇಳುವಂತೆ ಸೀಟ್ ಬೆಲ್ಟ್ ಹಾರ್ನೆಸ್, ಕ್ರೇಟು (ಪಂಜರದಂಥ ಪೆಟ್ಟಿಗೆ) ಅಥವಾ ಹಿಂದೆ ಜಾಲರಿ, ಯಾವುದಾದರೂ ಒಂದು ಇರಲಿ. ಸೀಟ್ ಬೆಲ್ಟನ್ನು ಹಾರ್ನೆಸ್‌ಗೆ ಹಾಕಬೇಕು, ಕತ್ತಿನ ಬೆಲ್ಟಿಗೆ ಹಾಕಿದರೆ ಬ್ರೇಕ್ ಹೊಡೆದಾಗ ಕತ್ತಿಗೆ ಪೆಟ್ಟು. ಲಂಡನ್ ಟ್ಯೂಬಿನ (ನೆಲದಡಿಯ ರೈಲಿನ) ಎಸ್ಕಲೇಟರ್ ಮೇಲೆ ನಾಯಿಯನ್ನು ಎತ್ತಿಕೊಂಡೇ ಹೋಗಬೇಕು. ಚಿಕ್ಕ ನಾಯಿಯಾದರೆ ಹೆಗಲಿಗೆ ಹಾಕುವ ಚೀಲ ಒಳ್ಳೆಯದು. ನಾನು ಗೌರಿಯನ್ನು ಲಿಫ್ಟ್ ಇರುವ ಸ್ಟೇಷನ್ನಿಗೆ ಮಾತ್ರ ಕರೆದುಕೊಂಡು ಹೋಗುತ್ತೇನೆ.

ಕಕ್ಕದ ಚೀಲ ಎಲ್ಲಾ ಕೋಟಿನ ಜೇಬಿನಲ್ಲೂ ಇರಲಿ. ಎತ್ತದೆ ಹೋದರೆ ಸಾಮಾನ್ಯವಾಗಿ 100 ಪೌಂಡ್ ದಂಡ, ಕೆಲವು ಕೌನ್ಸಿಲ್‌ಗಳಲ್ಲಿ ಕೈಯಲ್ಲಿ ಚೀಲ ಇಲ್ಲದಿದ್ದರೂ ಪ್ರಶ್ನೆ ಮಾಡುತ್ತಾರೆ. ಗಂಟು ಕಟ್ಟಿ ಬೀದಿಯ ಕಸದ ಡಬ್ಬಿಗೇ ಹಾಕಬಹುದು. ಬೇಸಿಗೆಗೆ, ರಕ್ತ ಹೀರುವ ಉಣ್ಣಿ ಹುಳುವನ್ನು ಕೀಳುವ ಕೊಕ್ಕೆಯೊಂದು ಇಟ್ಟುಕೊಳ್ಳಿ. ಬೆರಳಲ್ಲಿ ಹಿಸುಕಿ ಎಳೆಯಬಾರದು, ಹುಳುವಿನ ತಲೆ ಒಳಗೇ ಉಳಿಯಬಹುದು.

ಮನೆಯೊಳಗೆ ಬೇಕಾದದ್ದು ಕಡಿಮೆ. ದಪ್ಪ ಹಾಸಿಗೆ, ಕವರ್ ಒಗೆಯುವಂತಿರಬೇಕು. ಅಡುಗೆಮನೆ ಬಾಗಿಲಿಗೆ ಮಕ್ಕಳಿಗೆ ಹಾಕುವ ಗೇಟ್. ಇದನ್ನು ಕನ್ನಡದ ಮನೆಗಳಿಗೆ ನಾನು ಒತ್ತಿ ಹೇಳುತ್ತೇನೆ. ನಮ್ಮ ಅಡುಗೆಮನೆಯಲ್ಲಿ ಈರುಳ್ಳಿ ಸಿಪ್ಪೆ ನೆಲಕ್ಕೆ ಬೀಳುತ್ತದೆ, ಕೇಸರಿಬಾತಿನ ಒಣದ್ರಾಕ್ಷಿ ಬೀಳುತ್ತದೆ. ಎರಡೂ ನಾಯಿಗೆ ವಿಷ. ದ್ರಾಕ್ಷಿ ಸ್ವಲ್ಪ ತಿಂದರೂ ಕಿಡ್ನಿ ಕೆಡಬಹುದು, ಕಾಯದೆ ವೆಟ್‌ಗೆ (ಪಶುವೈದ್ಯರಿಗೆ) ಫೋನ್ ಮಾಡಿ. ಹಬ್ಬಕ್ಕೆ ಜನ ಸೇರಿದಾಗಲೂ ಈ ಗೇಟ್ ಬೇಕು. ನಾಯಿಗೆ ಹೆದರುವ ಮಕ್ಕಳು, ಊರಿಂದ ಬಂದ ಅತ್ತೆ ಮಾವ ನಿರಾಳವಾಗಿ ಕೂರುತ್ತಾರೆ, ನಾಯಿಯೂ ಬೇರೆ ಕೋಣೆಯಲ್ಲಿ ನಿರಾಳವಾಗಿರುತ್ತದೆ.

ಆಟದ ಸಾಮಾನಿನಲ್ಲಿ ಟೆನಿಸ್ ಬಾಲನ್ನು ದಿನವಿಡೀ ಅಗಿಯಲು ಕೊಡಬೇಡಿ, ಹಲ್ಲು ಸವೆಯುತ್ತದೆ. ಕಡ್ಡಿ ಎಸೆಯಬೇಡಿ, ಗಂಟಲಿಗೆ ಚುಚ್ಚುತ್ತದೆ. ಜಿಂಕೆ ಕೊಂಬಿನಂಥ ಗಟ್ಟಿ ವಸ್ತುವಿನಿಂದ ಹಲ್ಲು ಮುರಿಯುತ್ತದೆ. ಉಗುರಿನಿಂದ ಒತ್ತಿದರೆ ಗುರುತು ಬೀಳದಿದ್ದರೆ ಅದು ಹಲ್ಲಿಗೆ ಗಟ್ಟಿ ಅಂತಲೇ ಲೆಕ್ಕ. ಒಳಗೆ ಟೊಳ್ಳಿರುವ ರಬ್ಬರ್ ಆಟಿಕೆ ಒಳ್ಳೆಯದು. ನಾನು ಅದಕ್ಕೆ ಉಪ್ಪಿಲ್ಲದ, ಒಗ್ಗರಣೆ ಇಲ್ಲದ ಮೊಸರನ್ನ ತುಂಬಿ ಫ್ರೀಜರಿನಲ್ಲಿ ಇಡುತ್ತೇನೆ. ನಾನು ಮೀಟಿಂಗ್ ಮುಗಿಸುವವರೆಗೆ ಗೌರಿ ಅದನ್ನು ನೆಕ್ಕುತ್ತಾ ಇರುತ್ತಾಳೆ.

ಊರಿನಲ್ಲಿರುವ ನಾಯಿಯನ್ನೇ ಇಲ್ಲಿಗೆ ಕರೆತರುವವರು ಎಲ್ಲಕ್ಕಿಂತ ಮುಂಚೆ ಕೊಳ್ಳಬೇಕಾದದ್ದು ವಿಮಾನದ ಕ್ರೇಟು. ಭಾರತದಿಂದ ಬರುವ ನಾಯಿಗೆ ಮೊದಲು ಮೈಕ್ರೋಚಿಪ್, ಆಮೇಲೆ ರೇಬಿಸ್ ಲಸಿಕೆ, ಕನಿಷ್ಠ 30 ದಿನ ಬಿಟ್ಟು ರಕ್ತ ಪರೀಕ್ಷೆ, ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯುವುದು. ಬ್ರಿಟನ್ನಿಗೆ ಇಳಿಯುವ 24ರಿಂದ 120 ಗಂಟೆ ಮುಂಚೆ ವೆಟ್ ಕೈಯಲ್ಲಿ ಲಾಡಿಹುಳುವಿನ ಮದ್ದು. ಈ ಕ್ರಮ ತಪ್ಪಿದರೆ ಮತ್ತೆ ಮೊದಲಿನಿಂದ ಮಾಡಬೇಕಾಗಬಹುದು. ಆ ಕಾಯುವ ತಿಂಗಳುಗಳು ಕ್ರೇಟಿಗೆ ಒಗ್ಗಿಸಲು ಸಿಗುವ ಸಮಯ. ನಾಯಿ ಒಳಗೆ ತಲೆ ಬಗ್ಗಿಸದೆ ನಿಲ್ಲಬೇಕು, ತಿರುಗಬೇಕು, ಕಾಲು ಚಾಚಿ ಮಲಗಬೇಕು. ಬಾಗಿಲು ತೆಗೆದೇ ಇಡಿ, ಊಟ ಅದರೊಳಗೆ ಹಾಕಿ, ಅಮ್ಮ ಉಟ್ಟ ಹಳೇ ಸೀರೆಯೊಂದನ್ನು ಹಾಸಿ. ಅದು ತಾನಾಗಿ ಒಳಗೆ ಹೋಗಿ ಮಧ್ಯಾಹ್ನದ ನಿದ್ದೆ ಮಾಡಲು ಶುರು ಮಾಡಿದ ಮೇಲೆ ಟಿಕೆಟ್ ದಿನ ಗೊತ್ತು ಮಾಡಿ.