ಉಳಿ ಮುಟ್ಟಿಸದೆ ಗಾರೆ ಬಿಡಿಸಿದ್ದು: ಸ್ಕಾಟ್‌ಲೆಂಡಿನ ಹಳೇ ಇಟ್ಟಿಗೆಗಳ ಜತೆ ನನ್ನ ಅನುಭವ

ಉಳಿಯೋ ಆಸಿಡ್ಡೋ ಎರಡರಲ್ಲಿ ಒಂದಿಲ್ಲದೆ ಹಳೇ ಇಟ್ಟಿಗೆಯ ಗಾರೆ ಬಿಡುವುದಿಲ್ಲ ಎಂದು ಇಲ್ಲಿ ಗ್ಲಾಸ್ಗೋದಲ್ಲಿ, ಕಾರ್ಖಾನೆಯ ಹೆಸರು ಒತ್ತಿದ ಇಟ್ಟಿಗೆಗಳನ್ನು ಕೂಡಿಡುವ ಹಳೇ ಸಂಗ್ರಾಹಕರು ನನಗೆ ಹೇಳುತ್ತಲೇ ಬಂದಿದ್ದರು. ವಿನೆಗರಿನಲ್ಲಿ ಅದ್ದಿದ ಕಾಗದದ ಮುದ್ದೆಯ ಮಾತೆತ್ತಿದಾಗ ಒಬ್ಬರು, ಅದು ಸಲಾಡಿಗೆ ಸರಿ, ಸುಣ್ಣಕ್ಕಲ್ಲ ಅಂದರು. ಈಗ ನನ್ನ ಗ್ಯಾರೇಜಿನ ಕಪಾಟುಗಳಲ್ಲಿ ಇನ್ನೂರಕ್ಕೆ ಹತ್ತಿರ ಇಟ್ಟಿಗೆಗಳಿವೆ. ಹೀಗೆ ತೊಳೆದವುಗಳಲ್ಲಿ ಒಂದರ ಅಕ್ಷರದ ಅಂಚೂ ಮುಕ್ಕಾಗಿಲ್ಲ. ಅದೇ ಹಳಬರಲ್ಲಿ ಇಬ್ಬರು ತಮ್ಮ ಇಟ್ಟಿಗೆಗಳನ್ನು ಡಿಕ್ಕಿಯಲ್ಲಿ ತುಂಬಿಕೊಂಡು ಬಂದು ನನ್ನ ಬಾಗಿಲಲ್ಲಿ ಇಳಿಸಿ ಹೋಗುತ್ತಾರೆ. ಇನ್ನು ಬರೆಯಬಹುದು ಅನ್ನಿಸಿತು.

ಗ್ಲಾಸ್ಗೋ ನೋಡಲು ಬಂದವರ ಕಣ್ಣಿಗೆ ಇಟ್ಟಿಗೆ ಬೀಳುವುದು ಕಡಿಮೆ. ಬೀದಿಗೆ ಮುಖ ಮಾಡಿದ್ದೆಲ್ಲ ಕೆಂಪು ಅಥವಾ ಹೊಂಬಣ್ಣದ ಮರಳುಗಲ್ಲು. ಇಟ್ಟಿಗೆ ಅಡಗಿರುವುದು ಒಳಗೋಡೆಯಲ್ಲಿ, ಚಿಮಣಿಯಲ್ಲಿ, ಹಿತ್ತಿಲ ಕಡೆ, ಕಾರ್ಖಾನೆಗಳಲ್ಲಿ. ಕಟ್ಟಡ ಕೆಡವಿದ ದಿನವೇ ಅದರ ಹೆಸರು ಬೆಳಕು ಕಾಣುವುದು. ಊರಿನ ಈಶಾನ್ಯಕ್ಕೆ ಸ್ವಲ್ಪ ದೂರ ಹೋದರೆ ಗಾರ್ಟ್‌ಕ್ರೇಗ್, ಗಾರ್ನ್‌ಕರ್ಕ್, ಗಾರ್ಟ್‌ಕಾಶ್, ಗ್ಲೆನ್‌ಬಾಯ್ಗ್ ಒಂದರ ಹಿಂದೊಂದು ಬರುತ್ತವೆ. ಎಲ್ಲವೂ ಫೈರ್‌ಕ್ಲೇ ಊರುಗಳು, ಅಂದರೆ ಕಲ್ಲಿದ್ದಲ ಪದರಗಳ ಜತೆಗೇ ಸಿಗುವ, ಬೆಂಕಿಗೆ ಬಗ್ಗದ ಜೇಡಿಯ ಮೇಲೆ ಬದುಕಿದ ಊರುಗಳು. 1882ರಲ್ಲಿ ಗ್ಲೆನ್‌ಬಾಯ್ಗ್‌ನ ಕಾರ್ಖಾನೆಗಳು ಒಂದಾಗಿ ಗ್ಲೆನ್‌ಬಾಯ್ಗ್ ಯೂನಿಯನ್ ಫೈರ್‌ಕ್ಲೇ ಕಂಪನಿಯಾದ ಮೇಲೆ ಅಲ್ಲಿನ ಇಟ್ಟಿಗೆ ದೇಶದೇಶಗಳ ಕುಲುಮೆಗಳಿಗೆ ಹಡಗು ಹತ್ತಿತು. ಪೂರ್ವಕ್ಕೆ ಬಾನಿಬ್ರಿಜ್, ಕ್ಯಾಸಲ್‌ಕ್ಯಾರಿ ಕಡೆ ಡೂಗಲ್ ಮತ್ತು ಸ್ಟೀನ್ ಕಂಪನಿಗಳು, ಇನ್ನೂ ಆಚೆ ಆರ್ಮಡೇಲ್‌ನಲ್ಲಿ ಎಟ್ನಾ ಮತ್ತು ಅಟ್ಲಾಸ್ ಕಾರ್ಖಾನೆಗಳು. ಇಟ್ಟಿಗೆಗಳ ಮೇಲೆ ಸಿಗುವುದು ಇಂಥ ಹೆಸರುಗಳೇ.

ಉಳಿಯಿಂದ ಏನಾಗುತ್ತದೆ ಎಂಬುದನ್ನು ಮೊದಲು ಹೇಳಬೇಕು. ಕೈ ಪಳಗಿದವರು ಉಳಿಯಲ್ಲೂ ಹೆಸರನ್ನು ಉಳಿಸುತ್ತಾರೆ, ಅಲ್ಲಗಳೆಯುವುದಿಲ್ಲ. ಆದರೆ ಅವರು ಉಳಿಸುವುದು ಹೆಸರನ್ನು ಮಾತ್ರ. ಇಟ್ಟಿಗೆಯ ನಡುವಿನ ತಗ್ಗು, ನಾವು ಫ್ರಾಗ್ ಅನ್ನುವುದು, ಪ್ರೆಸ್ಸಿನ ಲೋಹದ ತಟ್ಟೆ ಒತ್ತಿದ ಜಾಗ. ತಟ್ಟೆಯನ್ನು ಬಿಗಿದ ಸ್ಕ್ರೂಗಳ ತಲೆಯೂ ಮಣ್ಣಿನಲ್ಲಿ ಒತ್ತಿಕೊಂಡಿರುತ್ತದೆ. ಹೆಸರಿನ ಆಚೀಚೆ ಕಿರುಬೆರಳ ಉಗುರಿನಷ್ಟು ಎರಡು ದುಂಡು ಗುರುತು, ಅದೃಷ್ಟವಿದ್ದರೆ ಅದರ ನಡುವೆ ಸ್ಕ್ರೂಡ್ರೈವರ್ ಇಡುವ ಸೀಳಿನ ಕೂದಲೆಳೆಯಂಥ ಏಣು. ಇಬ್ಬರ ಹತ್ತಿರ ಒಂದೇ ಹೆಸರಿನ ಇಟ್ಟಿಗೆ ಇದ್ದರೆ ಅವು ಒಂದೇ ತಟ್ಟೆಯವೋ ಬೇರೆ ತಟ್ಟೆಯವೋ ಎಂದು ಹೇಳುವುದು ಈ ಏಣು ಯಾವ ಕಡೆ ವಾಲಿದೆ ಎಂಬುದನ್ನು ನೋಡಿಯೇ. ಉಳಿಯ ಮೊದಲ ಏಟಿಗೆ ಅದು ಗಾರೆಯ ಜತೆ ಹಾರಿಹೋಗುತ್ತದೆ. ತಂತಿ ಬ್ರಷ್ಷೂ ಅದನ್ನು ಬಿಡುವುದಿಲ್ಲ. ನನಗೆ ಇಟ್ಟಿಗೆಯಲ್ಲಿ ಬೇಕಾದದ್ದೇ ಅದು.

ಆಸಿಡ್ಡಿನ ಕಥೆ ಬೇರೆ, ದುಡ್ಡು ಹೋದದ್ದು ಅಲ್ಲಿ. ಅಂಗಡಿಯಲ್ಲಿ ಸಿಗುವ ಬ್ರಿಕ್ ಕ್ಲೀನರ್ ಅಂದರೆ ಹೈಡ್ರೋಕ್ಲೋರಿಕ್ ಆಸಿಡ್. ಡಬ್ಬಿಗೆ ಎಂಟು-ಹತ್ತು ಪೌಂಡು, ಕೈಗವಸು, ಮುಖದ ಮಾಸ್ಕು, ಕನ್ನಡಕ ಸೇರಿ ಐವತ್ತರ ಹತ್ತಿರ ಆಗಿರಬೇಕು. ಗಾರೆಯೇನೋ ಬುಸುಗುಟ್ಟಿ ಕರಗಿತು. ಆದರೆ ತೆಳು ಹಳದಿಯ ಫೈರ್‌ಬ್ರಿಕ್ಕುಗಳು ಒಣಗಿದ ಮೇಲೆ ಹಸಿರು ಕಲೆ ಬಿಟ್ಟವು, ಕೆಲವು ಕಂದಿದವು. ಆ ಜೇಡಿಯಲ್ಲಿ ವೆನೇಡಿಯಂ ಲವಣ ಇರುತ್ತದೆ. ಆಸಿಡ್ ಅದನ್ನು ಒಳಗಿನಿಂದ ಎಳೆದು ಮುಖದ ಮೇಲೆ ತರುತ್ತದೆ, ಮತ್ತೆ ಅದೇ ಆಸಿಡ್ ಹಾಕಿದರೆ ಕಲೆ ಇನ್ನೂ ಗಟ್ಟಿಯಾಗುತ್ತದೆ. ಕೆಂಪು ಇಟ್ಟಿಗೆಯಲ್ಲಿ ಕಬ್ಬಿಣ ಕರಗಿ ತುಕ್ಕಿನ ಬಣ್ಣ ಬರುತ್ತದೆ. ಆ ಹಸಿರನ್ನು ಆಕ್ಸಾಲಿಕ್ ಆಸಿಡ್ಡಿನಿಂದ ತೆಗೆಯಬಹುದು, ಆದರೆ ಅದು ವಿಷ, ಕೆಲಸ ಎರಡರಷ್ಟು. ಒಂದು ಒಳ್ಳೆಯ ಗ್ಲೆನ್‌ಬಾಯ್ಗ್ ಇಟ್ಟಿಗೆಯ ಮುಖದಿಂದ ಆ ಬಣ್ಣ ಪೂರ್ತಿ ಹೋಗಲೇ ಇಲ್ಲ. ಅದನ್ನು ಈಗಲೂ ಬಾಗಿಲ ಬಳಿ ಇಟ್ಟಿದ್ದೇನೆ, ಆಸಿಡ್ ವಾದ ಹೂಡುವವರಿಗೆ ತೋರಿಸಲು.

ನಡುವೆ ಮಾಡಿದ ಬೇರೆ ಪ್ರಯೋಗಗಳನ್ನೂ ಹೇಳಿಬಿಡುತ್ತೇನೆ, ನೀವು ಅದಕ್ಕೆ ದುಡ್ಡು ಹಾಕಬೇಡಿ.

ಒಂದು, ಬೆಲ್ಲದ ನೀರು. ಸಕ್ಕರೆಗೆ ಸುಣ್ಣವನ್ನು ಕರಗಿಸಿಕೊಳ್ಳುವ ಗುಣ ಇದೆ, ಹಸಿ ಸಿಮೆಂಟು ತೊಳೆಯಲು ಅದು ಕೆಲಸಕ್ಕೂ ಬರುತ್ತದೆ. ಆದರೆ ನೂರು ವರ್ಷದ ಗಾರೆಯ ಸುಣ್ಣ ಗಾಳಿ ಕುಡಿದು ಮತ್ತೆ ಸುಣ್ಣಕಲ್ಲೇ ಆಗಿರುತ್ತದೆ, ಅದರ ಮುಂದೆ ಬೆಲ್ಲದ ಆಟ ನಡೆಯುವುದಿಲ್ಲ. ಗ್ಯಾರೇಜಿಗೆ ಇರುವೆ ಬಂದದ್ದಷ್ಟೇ. ಎರಡು, ಹುಣಸೆಹಣ್ಣು. ಹಿತ್ತಾಳೆ ಬೆಳಗುವ ಹಾಗೆ ಕಿವುಚಿ ಹಚ್ಚಿದೆ. ಗಾರೆ ಮೇಲ್ಮೈಯಲ್ಲಿ ಸ್ವಲ್ಪ ಮೆತ್ತಗಾಯಿತು, ಆದರೆ ಅದರ ಹುಳಿ ಸುಣ್ಣದ ಜತೆ ಸೇರಿ ಕರಗದ ಪುಡಿಯಾಗಿ ಅಲ್ಲೇ ಕೂತು ದಾರಿ ಮುಚ್ಚಿತು, ಕಂದು ಬಣ್ಣವೂ ಇಟ್ಟಿಗೆಗೆ ಇಳಿಯಿತು. ಎಡಿನ್‌ಬರೋದಲ್ಲಿರುವ ನಮ್ಮ ಊರಿನ ಗೆಳೆಯ ಫೋಟೋ ನೋಡಿ, "ಎಂತ ಮಾರಾಯ, ಇಟ್ಟಿಗೆಗೆ ಗೊಜ್ಜು ಮಾಡ್ತಿದ್ದೀಯಾ?" ಎಂದು ಕೇಳಿದ. ಸಿಟ್ರಿಕ್ ಆಸಿಡ್ ಪುಡಿಯದೂ ಸುಮಾರು ಇದೇ ಪಾಡು. ಅಗ್ಗ, ಆದರೆ ಬಿಳಿ ಪದರ ಕಟ್ಟುತ್ತದೆ, ಮತ್ತೆ ಮತ್ತೆ ಉಜ್ಜಬೇಕು. ಮೂರು, ಫ್ರೀಜರ್. ನೀರು ಕುಡಿಸಿ ಹೆಪ್ಪುಗಟ್ಟಿಸಿದರೆ ಗಾರೆ ಸಿಡಿದು ಬಿಡುತ್ತದೆ ಎಂದು ಯಾರೋ ಹೇಳಿದ್ದರು. ಗಟ್ಟಿ ಫೈರ್‌ಬ್ರಿಕ್ಕಿನಲ್ಲಿ ಒಂದಿಷ್ಟು ನಡೆಯಿತು. ಕಲ್ಲಿದ್ದಲ ಗಣಿಯ ಕಸದ ಶೇಲ್ ಎಂಬ ಪದರುಗಲ್ಲಿನಿಂದ, ಇಲ್ಲಿಯವರು ಬ್ಲೇಜ್ ಅನ್ನುವ ಮಣ್ಣಿನಿಂದ ಮಾಡಿದ ಇಟ್ಟಿಗೆಯಲ್ಲಿ ಗಾರೆಗಿಂತ ಮೊದಲು ಇಟ್ಟಿಗೆಯ ಮುಖವೇ ಚಕ್ಕೆ ಎದ್ದಿತು.

ಕೊನೆಗೆ ಗೆದ್ದದ್ದು ಮಾಮೂಲಿ ಬಿಳಿ ವಿನೆಗರ್. ಕಾರಣ ಸರಳ: ಅದರ ಹುಳಿಯೂ ಸುಣ್ಣವೂ ಸೇರಿ ಆಗುವ ಲವಣ ನೀರಿನಲ್ಲಿ ಕರಗಿ ಹೋಗುತ್ತದೆ, ಪದರ ಕಟ್ಟುವುದಿಲ್ಲ. ಹಳಬರು ಇದರಲ್ಲಿ ಸೋತಿದ್ದರೆ ಎರಡು ಕಾರಣಕ್ಕೆ. ಒಣ ಇಟ್ಟಿಗೆಯ ಮೇಲೆ ಸುರಿದಿದ್ದರು, ಎಲ್ಲವನ್ನೂ ಇಟ್ಟಿಗೆಯೇ ಕುಡಿದುಬಿಟ್ಟಿತ್ತು. ಮತ್ತೆ, ಒಂದು ಮಧ್ಯಾಹ್ನದಲ್ಲಿ ಆಗಬೇಕು ಎಂದು ಕಾದಿದ್ದರು.

ನಾನು ಇಟ್ಟಿಗೆಯನ್ನು ಮೊದಲು ಬಕೆಟ್ಟಿನಲ್ಲಿ ಮುಳುಗಿಸಿ ಗುಳ್ಳೆ ನಿಲ್ಲುವ ತನಕ, ಆಮೇಲೂ ಎರಡು-ಮೂರು ದಿನ ಬಿಡುತ್ತೇನೆ. ಹೊಟ್ಟೆ ತುಂಬ ನೀರು ಕುಡಿದ ಇಟ್ಟಿಗೆ ಹುಳಿಯನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ, ಅದು ಮೇಲಿನ ಗಾರೆಯಲ್ಲೇ ನಿಲ್ಲುತ್ತದೆ. ಕಾಗದವನ್ನು ವಿನೆಗರಿನಲ್ಲಿ ಅರೆದು ಇಡ್ಲಿ ಹಿಟ್ಟಿಗಿಂತ ಗಟ್ಟಿಯಾದ ಮುದ್ದೆ ಮಾಡಿ ಫ್ರಾಗಿನ ತುಂಬ ಒತ್ತಬೇಕು, ಅಂಚಿನಿಂದ ಆಚೆ ಹೋಗಕೂಡದು. ಅಚ್ಚಾದ ಪತ್ರಿಕೆ ಬೇಡ, ಶಾಯಿ ಬಿಡುತ್ತದೆ. ಶೌಚದ ಕಾಗದ ಬೇಗ ಒಣಗುತ್ತದೆ. ಅಡುಗೆಮನೆಯ ಒರೆಸುವ ಕಾಗದ ಪರವಾಗಿಲ್ಲ. ಮುದ್ದೆಗೆ ಇನ್ನೊಂದು ಪುಡಿ ಬೆರೆಸುತ್ತೇನೆ, ಅದರಿಂದ ಒದ್ದೆ ಎರಡರಷ್ಟು ಹೊತ್ತು ನಿಲ್ಲುತ್ತದೆ. ಅದು ಏನು ಎಂಬುದು ಸದ್ಯ ನನ್ನ ಹತ್ತಿರವೇ ಇರಲಿ. ಮೇಲೆ ಪ್ಲಾಸ್ಟಿಕ್ ಹಾಳೆ, ಅದರಲ್ಲಿ ನಾಲ್ಕು ಸೂಜಿ ತೂತು, ಅದರ ಮೇಲೆ ಮರಳಿನ ಸಣ್ಣ ಚೀಲ. ತೂತು ಯಾಕೆಂದರೆ ಸುಣ್ಣದಿಂದ ಗ್ಯಾಸ್ ಏಳುತ್ತದೆ. ದಾರಿ ಇಲ್ಲದಿದ್ದರೆ ಮುದ್ದೆ ಉಬ್ಬಿ ಗಾರೆಯಿಂದ ಮೇಲೆದ್ದು ನಿಲ್ಲುತ್ತದೆ, ರಾತ್ರಿಯಿಡೀ ಏನೂ ಆಗಿರುವುದಿಲ್ಲ.

ಬೆಳಿಗ್ಗೆ ಮುದ್ದೆ ಎತ್ತಿದರೆ ಕೆಳಗೆ ಗಾರೆ ಒದ್ದೆ ಮರಳಾಗಿರುತ್ತದೆ, ಒಂದೆರಡು ಮಿಲಿಮೀಟರು ಅಷ್ಟೆ. ಬಿದಿರಿನ ಕಡ್ಡಿಯಿಂದ ಕೆರೆದು, ತೊಳೆದು, ಹೊಸ ಮುದ್ದೆ. ಸುಣ್ಣದ ಗಾರೆಯಾದರೆ ವಾರ, ಹತ್ತು ದಿನ. ಸಿಮೆಂಟಾದರೆ ಮೊದಲು ಹ್ಯಾಕ್ಸಾ ಬ್ಲೇಡಿನಿಂದ ಮೇಲ್ಮೈಗೆ ಚೌಕ ಚೌಕ ಗೀರು ಹಾಕಿ, ಹುಳಿ ಇಳಿಯಲು ದಾರಿ ಮಾಡಿಕೊಡಬೇಕು, ಅಕ್ಷರದ ಮಟ್ಟಕ್ಕೆ ಬರುವ ಮುಂಚೆಯೇ ಗೀರು ನಿಲ್ಲಬೇಕು. ಆ ಮಟ್ಟ ಎಲ್ಲಿದೆ ಎಂದು ಮೇಲಿನಿಂದ ಅಂದಾಜು ಮಾಡುವುದಕ್ಕೂ ಒಂದು ಉಪಾಯ ಉಂಟು, ಎದುರು ಸಿಕ್ಕಿದವರಿಗೆ ತೋರಿಸುತ್ತೇನೆ. ಸಿಮೆಂಟು ಒಂದು ತಿಂಗಳು, ಕೆಲವೊಮ್ಮೆ ಎರಡೂ ತಿನ್ನುತ್ತದೆ. ಐದು ಲೀಟರ್ ವಿನೆಗರಿಗೆ ನಾಲ್ಕೈದು ಪೌಂಡು, ಸುಣ್ಣದ ಗಾರೆಯ ಇಟ್ಟಿಗೆಗೆ ಅರ್ಧ ಪೌಂಡಿನಿಂದ ಮುಕ್ಕಾಲು ಪೌಂಡು ಬೀಳುತ್ತದೆ. ಕೆಡವುವ ಕಂಟ್ರಾಕ್ಟರುಗಳು ಕೇಳಿದರೆ ಪುಕ್ಕಟೆ ಕೊಡುತ್ತಾರೆ, ಹೇಗೂ ಪುಡಿ ಮಾಡಿ ರಸ್ತೆಗೆ ಹಾಕುವವರು. ಕೇಳದೆ ಮಾತ್ರ ಸೈಟಿನೊಳಗೆ ಕಾಲಿಡಬೇಡಿ. ಹಳೇ ಸಾಮಾನಿನ ಯಾರ್ಡಿನಲ್ಲಿ ಒಂದಕ್ಕೆ ಒಂದೆರಡು ಪೌಂಡು. ಒಂದು ಯಾರ್ಡಿನವರು ಹೆಸರು ಕಾಣುವ ಇಟ್ಟಿಗೆಗೆ ನನ್ನ ಮುಖ ನೋಡಿ ಹದಿನೈದು ಕೇಳಿದರು. ಗಾರೆ ಮೆತ್ತಿ ಹೆಸರು ಮುಚ್ಚಿದ್ದನ್ನು ಅಲ್ಲೇ ಒಂದು ಪೌಂಡಿಗೆ ತಂದೆ, ಒಳಗಿದ್ದದ್ದು ಗಾರ್ಟ್‌ಕ್ರೇಗ್.

ಆ ಇಟ್ಟಿಗೆಯೇ ಹಳಬರ ಮನಸ್ಸು ತಿರುಗಿಸಿದ್ದು. ಟಾರ್ಚನ್ನು ಇಟ್ಟಿಗೆಯ ಮಟ್ಟಕ್ಕೆ ಮಲಗಿಸಿ ಪಕ್ಕದಿಂದ ಬೆಳಕು ಬಿಟ್ಟಾಗ ಎರಡು ಸ್ಕ್ರೂ ಗುರುತುಗಳೂ ಕಂಡವು, ಎಡಗಡೆಯದರ ಏಣು ನೆಟ್ಟಗೆ, ಬಲಗಡೆಯದು ಓರೆ. ನನಗೆ ಮೊದಲು ಸಲಾಡಿನ ಮಾತು ಹೇಳಿದ್ದವರ ಹತ್ತಿರ ಅದೇ ಹೆಸರಿನ ಇಟ್ಟಿಗೆ ಇತ್ತು. ಅವರದ್ದರ ಬಲಗಡೆ ಉಳಿ ತಿಂದಿತ್ತು, ಎಡಗಡೆ ಮಾತ್ರ ಉಳಿದಿತ್ತು, ಅದರ ಏಣು ಓರೆ. ಒಂದೇ ಹೆಸರಿಗೆ ಎರಡು ತಟ್ಟೆ, ಇಲ್ಲವೇ ಒಂದೇ ತಟ್ಟೆಯನ್ನು ಬಿಚ್ಚಿ ಮತ್ತೆ ಬಿಗಿದದ್ದು. ಅವರು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು, ಹೋಗುವಾಗ ಮುದ್ದೆ ಎಷ್ಟು ಗಟ್ಟಿ ಇರಬೇಕು ಎಂದು ಕೇಳಿದರು.

ತೊಳೆದದ್ದೇ ಕಪಾಟಿಗೆ ಇಡಬೇಡಿ, ಅರ್ಧ ಕೆಲಸ ಆಮೇಲಿನದು. ಒಳಗೆ ಉಳಿದ ಲವಣ ಒಣಗುವಾಗ ಮುಖಕ್ಕೆ ಬಂದು ಬಿಳಿ ಉಪ್ಪಾಗಿ ಏಳುತ್ತದೆ, ಫೋರ್ತ್ ಅಳಿವೆಯ ದಡದಿಂದ ತಂದ ಇಟ್ಟಿಗೆಯಾದರೆ ಕಡಲ ಉಪ್ಪೂ ಸೇರಿ ಮುಖವನ್ನೇ ಪುಡಿ ಮಾಡುತ್ತದೆ. ನೀರು ಬದಲಿಸುತ್ತ ನೆನೆಸುವುದೊಂದೇ ದಾರಿ. ಈ ವಿಷಯದಲ್ಲಿ ಗ್ಲಾಸ್ಗೋದವರು ಪುಣ್ಯವಂತರು. 1859ರಿಂದ ಇಲ್ಲಿನ ನಲ್ಲಿಗೆ ಬರುತ್ತಿರುವುದು ಲಾಕ್ ಕ್ಯಾಟ್ರಿನ್ ಸರೋವರದ ನೀರು, ಅಷ್ಟು ಮೃದು. ನೀರಿನಲ್ಲಿ ಕರಗಿದ ಲವಣ ಅಳೆಯುವ ಹತ್ತು ಪೌಂಡಿನ ಟಿಡಿಎಸ್ ಮೀಟರು ಅದ್ದಿದರೆ ಮೂವತ್ತು-ನಲವತ್ತರ ಆಸುಪಾಸು ತೋರಿಸುತ್ತದೆ. ಇಟ್ಟಿಗೆ ಹಾಕಿದ ಮರುದಿನ ಅದು ಮುನ್ನೂರು ದಾಟಿರುತ್ತದೆ, ದಡದ ಇಟ್ಟಿಗೆಯಾದರೆ ಸಾವಿರ. ಒಂದು ವಾರ ಬಿಟ್ಟರೂ ಅರವತ್ತರೊಳಗೇ ನಿಲ್ಲುವಂತಾಗುವ ತನಕ ನೀರು ಬದಲಿಸುತ್ತೇನೆ. ಆಮೇಲೆ ನೆರಳಲ್ಲಿ, ಬಟ್ಟೆ ಮುಚ್ಚಿ, ನಿಧಾನ ಒಣಗಿಸುವುದು.

ಈ ಮುದ್ದೆಯನ್ನು ಊರಿಗೆ ಹೋದಾಗ ಹಂಚಿನ ಮೇಲೂ ಹಚ್ಚಿ ನೋಡಿದೆ. ಮಂಗಳೂರಿನ ಹಂಚು ಗೊತ್ತಿದ್ದವರಿಗೆ ಸ್ಕಾಟ್‌ಲೆಂಡಿನ ಇಟ್ಟಿಗೆ ಹೊಸತಲ್ಲ. 1865ರಲ್ಲಿ ಬಾಸೆಲ್ ಮಿಶನ್ ಶುರು ಮಾಡಿದ ಕಾರ್ಖಾನೆಯಿಂದ ಮೊದಲಾಗಿ ನೇತ್ರಾವತಿ, ಗುರುಪುರ ಹೊಳೆಗಳ ಜೇಡಿಯಿಂದ ಆದ ಹಂಚುಗಳ ಮೇಲೆ ಇದೇ ರೀತಿ ಹೆಸರು ಒತ್ತುತ್ತಿದ್ದರು. ಮಾಡಿನ ನೆತ್ತಿಯಲ್ಲಿ ಗಾರೆ ಹಾಕಿ ಕೂರಿಸಿದ್ದ ಹಂಚೊಂದನ್ನು ಮನೆ ರಿಪೇರಿಯಲ್ಲಿ ಇಳಿಸಿದ್ದರು. ಹಂಚು ತೆಳು, ಬೇಗ ನೀರು ಕುಡಿಯುತ್ತದೆ, ಗಾರೆ ಐದಾರು ಮುದ್ದೆಗೇ ಬಿಟ್ಟಿತು. ಆದರೆ ಮಳೆಗಾಲದಲ್ಲಿ ಮಾಡಬೇಡಿ, ಮುದ್ದೆಗೆ ಬೂಸ್ಟು ಬಂದು ಕಪ್ಪು ಚುಕ್ಕೆ ಉಳಿಯುತ್ತದೆ.

ಎಲ್ಲ ಮಣ್ಣಿನ ಸಾಮಾನಿಗೂ ಇದು ಸಲ್ಲುವುದಿಲ್ಲ. ಬ್ರಿಟನ್ನಿನ 1826ರ ಕಾನೂನಿನ ಪ್ರಕಾರ ಹೊಲದ ನೀರು ಬಸಿಯುವ ಹಂಚಿಗೆ ತೆರಿಗೆ ಇರಲಿಲ್ಲ, ಆದರೆ ಅದರ ಮೇಲೆ ಡ್ರೈನ್ ಎಂದು ಒತ್ತಿರಬೇಕಿತ್ತು. ಲಾಳದ ಆಕಾರದ ಅಂಥದ್ದೊಂದು ಅರ್ಧ ತುಂಡು ಏರ್‌ಶೈರಿನ ರೈತರೊಬ್ಬರು ಉಳುವಾಗ ಸಿಕ್ಕಿದ್ದನ್ನು ಕೊಟ್ಟರು. ಅರೆಬೆಂದ ಮಣ್ಣು, ಉಗುರಿನಿಂದ ಕೆರೆದರೂ ಬರುತ್ತದೆ. ಅದಕ್ಕೆ ನೀರು ಮತ್ತು ಮೆತ್ತನೆಯ ಬ್ರಷ್ಷು ಸಾಕು.

ಇನ್ನು ಪಂಫರ್‌ಸ್ಟನ್ ಕಡೆಯ ತಿಳಿಗೆಂಪಿನ ಇಟ್ಟಿಗೆ, ಸ್ಕಾಟಿಷ್ ಆಯಿಲ್ಸ್ ಕಂಪನಿಯದು. ಎಣ್ಣೆ ತೆಗೆದು ಬಿಸಾಡಿದ ಶೇಲನ್ನು ಪುಡಿಮಾಡಿ ಸುಣ್ಣ ಬೆರೆಸಿ ಆವಿಯಲ್ಲಿ ಗಟ್ಟಿ ಮಾಡಿದ್ದು. ಅದಕ್ಕೆ ವಿನೆಗರ್ ತಾಗಿಸಲೇಬೇಡಿ, ಗಾರೆಯ ಜತೆ ಇಟ್ಟಿಗೆಯೂ ಕರಗುತ್ತದೆ, ಎರಡನ್ನೂ ಹಿಡಿದಿಟ್ಟಿರುವುದು ಸುಣ್ಣವೇ. ಗಾರೆ ಮೆತ್ತಿದ ಅಂಥವು ನಾಲ್ಕು ನನ್ನ ಹತ್ತಿರ ಇವೆ. ಒಂದನ್ನು ನೀರಿನಲ್ಲಿ ನೆನೆಸಿ ಬಿದಿರು ಕಡ್ಡಿಯಿಂದ ದಿನಕ್ಕೆ ಸ್ವಲ್ಪ ಸ್ವಲ್ಪ ಕೆರೆಯುತ್ತಿದ್ದೇನೆ. ಚಳಿಗಾಲ ಮುಗಿಯುವಷ್ಟರಲ್ಲಿ ಮೊದಲ ಅಕ್ಷರ ಕಾಣಬೇಕು. ಉಳಿದ ಮೂರನ್ನು ಅದು ಆಗುವ ತನಕ ಮುಟ್ಟುವುದಿಲ್ಲ.